ಒಂದೇ ತಾನಿನ ಸಂಸಾರ

ಹೋದ ತಿಂಗಳು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪನ ಮೊಮ್ಮಗ ಒಂದು ವಿಡಿಯೋ ಹಾಕಿದ. ಅವನ ಅಮ್ಮನ, ಅಂದರೆ ನಮ್ಮ ಅಕ್ಕನ ಮದುವೆ. 1990ರ ಮೇ ತಿಂಗಳು, ತಿಪಟೂರಿನ ಒಂದು ಛತ್ರ. ಕ್ಯಾಸೆಟ್ಟು 35 ವರ್ಷ ಅಟ್ಟದ ಮೇಲೆ ಹಳೇ ಹಿತ್ತಾಳೆ ಪಾತ್ರೆಯೊಳಗೆ ಇತ್ತಂತೆ. ಬೂಷ್ಟು ಹಿಡಿದು ಹಾಳಾಗಿರುತ್ತೆ ಅಂತ ನಾನು ನೆಮ್ಮದಿಯಾಗಿದ್ದೆ. ಈ ಹುಡುಗ ಬೆಂಗಳೂರಿನಲ್ಲಿ ಯಾರಿಗೋ ದುಡ್ಡು ಕೊಟ್ಟು ಅದರ ಬೂಷ್ಟು ಒರೆಸಿಸಿ ಮೊಬೈಲಿಗೆ ಇಳಿಸಿಕೊಂಡಿದ್ದಾನೆ.

‘ಯಾರ್ಯಾರು ಗುರುತು ಸಿಗ್ತಾರೆ ಹೇಳಿ ನೋಡೋಣ’ ಅಂತ ಕೆಳಗೆ ಬರೆದಿದ್ದ. ಎರಡೇ ನಿಮಿಷಕ್ಕೆ ನನ್ನ ತಂಗಿಯ ಉತ್ತರ ಬಂತು. ‘ಊಟದ ಪಂಕ್ತೀಲಿ ಮೀಸೆ ಸೋರ್ತಾ ಇದೆಯಲ್ಲ, ಅವನೇ ನಮ್ಮಣ್ಣ.’

ನಲ್ಲಿ ಸೋರೋದು ಗೊತ್ತು, ಹೆಂಚು ಸೋರೋದು ಗೊತ್ತು. ಮೀಸೆ ಹೇಗೆ ಸೋರುತ್ತೆ ಅಂತ ಗುಂಪಿನಲ್ಲಿದ್ದ ಸೊಸೆಯರು, ಅಳಿಯಂದಿರು ಎಲ್ಲ ಕೇಳತೊಡಗಿದರು. ಒಬ್ಬೊಬ್ಬರಿಗೂ ಹೇಳುತ್ತಾ ಕೂರೋ ಬದಲು ಇಲ್ಲೇ ಬರೆದುಬಿಡ್ತೀನಿ. ಆದರೆ ಮೀಸೆಗೆ ಬರೋ ಮೊದಲು ಅಂಗಿಯ ಕಥೆ ಹೇಳಬೇಕು. ಆ ವಿಡಿಯೋದಲ್ಲಿ ನಾನು ಹಾಕಿಕೊಂಡಿರೋ ಅಂಗಿಯ ಬಟ್ಟೆಯನ್ನೇ ಇನ್ನೂ ಮೂರು ಜನ ಹಾಕಿಕೊಂಡಿದ್ದಾರೆ. ಆ ಮೂವರೂ ನಮ್ಮ ಮನೆಯವರೇ.

ವರ್ಷಕ್ಕೊಂದು ಸಲ, ಯುಗಾದಿಗೆ, ಅಪ್ಪ ಬಟ್ಟೆಯ ಒಂದು ಇಡೀ ತಾನು ತರುತ್ತಿದ್ದರು. ಬಿಡಿಬಿಡಿಯಾಗಿ ಕೊಂಡರೆ ಜಾಸ್ತಿ ಆಗುತ್ತೆ, ತಾನು ತಗೊಂಡರೆ ಅಂಗಡಿಯವನು ಕಡಿಮೆಗೆ ಕೊಡುತ್ತಾನೆ. ಕಂತಿನಲ್ಲಿ ತೀರಿಸಬಹುದು ಅನ್ನೋದು ಬೇರೆ. ಹೀಗಾಗಿ ನಮ್ಮ ಮನೆಯಲ್ಲಿ ‘ನಾನು’ ಅನ್ನೋದು ಇರಲಿಲ್ಲ, ‘ತಾನು’ ಮಾತ್ರ ಇತ್ತು. ಆ ವರ್ಷದ್ದು ಮರೂನ್ ಬಣ್ಣದ ಪಾಲಿಯೆಸ್ಟರ್, ಡಬಲ್ ಪನ್ನ, ಅಂದರೆ ಅಗಲ ಜಾಸ್ತಿ. ಅದರ ಮೇಲೆ ಹಳದಿ ಹೂವು. ಒಂದೊಂದು ಹೂವೂ ನಮ್ಮಜ್ಜಿ ಒತ್ತುತ್ತಿದ್ದ ಚಕ್ಕುಲಿಯಷ್ಟು ದೊಡ್ಡದು. ‘ಇದು ಹರಿಯಲ್ಲ ಸ್ವಾಮಿ, ಬಣ್ಣ ಬಿಡಲ್ಲ. ನಿಮ್ಮ ಮೊಮ್ಮಕ್ಕಳೂ ಹಾಕ್ಕೋಬಹುದು’ ಅಂದಿದ್ದನಂತೆ ಅಂಗಡಿಯವನು. ಅಪ್ಪ ಅದನ್ನು ಮನೆಯಲ್ಲಿ ಹೆಮ್ಮೆಯಿಂದ ಹೇಳಿದರು.

ಆ ತಾನಿನಲ್ಲಿ ನನಗೆ, ತಮ್ಮನಿಗೆ ಒಂದೊಂದು ಅಂಗಿ. ತಂಗಿಗೆ ಲಂಗ, ಜಾಕೀಟು. ಅಪ್ಪನಿಗೆ ಅರ್ಧ ತೋಳಿನ ಅಂಗಿ. ಉಳಿದದ್ದರಲ್ಲಿ ನಾಲ್ಕು ದಿಂಬಿನ ಕವರು, ನಡುಮನೆ ಬಾಗಿಲಿಗೆ ಒಂದು ಪರದೆ. ಅಮ್ಮ ಮಾತ್ರ ಸೀರೆಯವರಾದ್ದರಿಂದ ತಪ್ಪಿಸಿಕೊಂಡರು. ನಮ್ಮನ್ನೆಲ್ಲ ಒಟ್ಟಿಗೆ ಕರೆದುಕೊಂಡು ಹೊರಟರೆ ಬ್ಯಾಂಡ್ ಸೆಟ್‌ನವರ ಹಾಗೆ ಕಾಣುತ್ತಿದ್ದೆವು, ಕೈಯಲ್ಲಿ ಕೊಳಲು ತಮಟೆ ಇರಲಿಲ್ಲ ಅಷ್ಟೆ. ಅಪ್ಪ ಆ ಅಂಗಿ ಹಾಕಿಕೊಂಡು ಒಂದೇ ಒಂದು ದಿನ ಆಫೀಸಿಗೆ ಹೋದರು. ಅಲ್ಲಿ ಏನಾಯಿತು ಅಂತ ಇವತ್ತಿಗೂ ಹೇಳಿಲ್ಲ.

ಪರದೆಯಿಂದ ಒಂದು ಉಪಯೋಗ ಇದೆ ಅಂತ ನಾನು ಕಂಡುಕೊಂಡಿದ್ದೆ. ಒಂದು ಸಂಜೆ ಲೆಕ್ಕದ ಮೇಷ್ಟ್ರು ಮನೆಗೆ ಬಂದರು. ನಾನು ಓಡಿಹೋಗಿ ಬಚ್ಚಿಟ್ಟುಕೊಳ್ಳೋಷ್ಟು ಹೊತ್ತಿರಲಿಲ್ಲ. ಸುಮ್ನೆ ಪರದೆಗೆ ಬೆನ್ನು ಒತ್ತಿ ನಿಂತುಬಿಟ್ಟೆ. ಹೂವಿಗೆ ಹೂವು ಸೇರಿತು. ಮೇಷ್ಟ್ರು ಅಮ್ಮನ ಹತ್ತಿರ ನನ್ನ ಅರ್ಧವಾರ್ಷಿಕ ಪರೀಕ್ಷೆಯ ವಿಷಯವೆಲ್ಲ ಹೇಳಿದರು, ಕಾಫಿ ಕುಡಿದರು, ಲೋಟ ಕೆಳಗಿಟ್ಟರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, ‘ಅಲ್ಲಮ್ಮ, ನಿಮ್ಮ ಪರದೆಗೆ ಖಾಕಿ ಚಡ್ಡಿ ಯಾಕೆ ಹಾಕಿದ್ದೀರಿ?’ ಅಂದರು.

ಅಂಗಿ ಸರಿಯಾದ ಅಳತೆಗಾದರೂ ಇತ್ತಾ ಅಂತ ಕೇಳಬೇಡಿ. ಟೈಲರಣ್ಣ ಇಂಚುಪಟ್ಟಿ ಹಿಡಿದು ನಮ್ಮ ಎದೆ, ತೋಳು, ಕುತ್ತಿಗೆ ಎಲ್ಲ ಅಳೆದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಕೊನೆಯಲ್ಲಿ ಅಮ್ಮ ಒಂದು ಮಾತು ಹೇಳುತ್ತಿದ್ದರು. ‘ಬೆಳೆಯೋ ಹುಡುಗರು, ಸ್ವಲ್ಪ ದೊಡ್ಡದಾಗೇ ಹೊಲೀರಿ.’ ಅಲ್ಲಿಗೆ ಆ ಚೀಟಿಗೆ ಬೆಲೆ ಹೋಯಿತು. ತಿಪಟೂರು ಕಡೆಯವರಿಗೆ ಕೊಬ್ಬರಿ ಹೇಗೆ ಆಗುತ್ತೆ ಅಂತ ಗೊತ್ತು. ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಒಣಗಿ, ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತೆ. ಹೊಸ ಅಂಗಿಯೊಳಗೆ ನಾನು ಹಾಗೆ ಇರುತ್ತಿದ್ದೆ. ಎಡಕ್ಕೆ ತಿರುಗಿದರೆ ಅಂಗಿ ಅರ್ಧ ನಿಮಿಷ ತಡವಾಗಿ ತಿರುಗುತ್ತಿತ್ತು. ಎರಡು ವರ್ಷ ಕಳೆದು ಅದು ಸರಿಹೋಯಿತು ಅನ್ನೋ ಹೊತ್ತಿಗೆ ಅದನ್ನು ಬಿಚ್ಚಿ ತಮ್ಮನಿಗೆ ಹಾಕುತ್ತಿದ್ದರು, ಅದರೊಳಗೆ ಅವನ ಗುಡುಗುಡು ಶುರುವಾಗುತ್ತಿತ್ತು.

ಹಬ್ಬದ ಹಿಂದಿನ ರಾತ್ರಿ ಟೈಲರ್ ಅಂಗಡಿ ಮುಂದೆ ನಿಂತವರಿಗೆ ಮಾತ್ರ ಗೊತ್ತು, ಜಗತ್ತಿನಲ್ಲಿ ಅತಿ ನಿಧಾನದ ಕೆಲಸ ಕಾಜಾ ಹಾಕೋದು ಅಂತ. ‘ಎಲ್ಲಾ ಆಯ್ತಕ್ಕ, ಕಾಜಾ ಗುಂಡಿ ಒಂದೇ ಬಾಕಿ’ ಅನ್ನುತ್ತಿದ್ದರು ಅವರು. ಬಗ್ಗಿ ನೋಡಿದರೆ ನಮ್ಮ ತಾನು ಇನ್ನೂ ಮಡಿಕೆ ಬಿಚ್ಚದೆ ಶೆಲ್ಫಿನಲ್ಲಿ ಕೂತಿರುತ್ತಿತ್ತು.

ಫ್ಯಾಷನ್ ವಿಷಯದಲ್ಲಿ ನನ್ನನ್ನು ಯಾರೂ ಕೇಳದೇ ಇದ್ದದ್ದು ಹೊಸದೇನಲ್ಲ. ಮೂರನೇ ವರ್ಷದಲ್ಲೇ ಶುರುವಾಗಿತ್ತು. ಧರ್ಮಸ್ಥಳಕ್ಕೆ ಮುಡಿ ಕೊಡುತ್ತೇವೆ ಅಂತ ಹರಕೆ ಹೊತ್ತಿದ್ದರಂತೆ. ಹೋಗೋದು ಮುಂದಕ್ಕೆ ಹೋಗುತ್ತಾ ನನ್ನ ಕೂದಲು ಬೆನ್ನಿನವರೆಗೆ ಇಳಿಯಿತು. ಮನೆಯಲ್ಲಿ ಇನ್ನೂ ಹೆಣ್ಣುಮಗು ಇರಲಿಲ್ಲ, ಹಿತ್ತಲಲ್ಲಿ ಮಲ್ಲಿಗೆ ಇತ್ತು. ಇಷ್ಟು ಸಾಕಲ್ಲ. ಅಮ್ಮ, ದೊಡ್ಡಮ್ಮ ಸೇರಿ ಒಂದು ಮಧ್ಯಾಹ್ನ ಪೂರ್ತಿ ಕೂತು ನನಗೆ ಮೊಗ್ಗಿನ ಜಡೆ ಹಾಕಿದರು, ಲಂಗ ಉಡಿಸಿದರು, ಸ್ಟುಡಿಯೋಗೆ ಎತ್ತಿಕೊಂಡು ಹೋದರು. ಜಡೆ ಕಾಣಲಿ ಅಂತ ಹಿಂದೆ ಕನ್ನಡಿ. ಅದರ ಹಿಂದೆ ಬಣ್ಣದ ಪರದೆ, ಕೊಳ, ಎರಡು ಹಂಸ. ಫೋಟೋದಲ್ಲಿ ನಾನು ಅಳುತ್ತಿದ್ದೇನೆ. ಕನ್ನಡಿಯೊಳಗೆ ಜಡೆ ಚೆನ್ನಾಗಿ ಬಂದಿದೆ. ಅದು ನಡುಮನೆಯ ಗೋಡೆಯ ಮೇಲೆ ಎಷ್ಟು ವರ್ಷ ಇತ್ತು ಅಂದರೆ, ನನ್ನ ಮದುವೆಯ ಮಾತುಕತೆಗೆ ಬಂದಾಗ ನನ್ನ ಅತ್ತೆ ಅದನ್ನೇ ನೋಡಿ, ‘ಲಕ್ಷಣವಾಗಿದ್ದಾಳೆ. ಇವಳನ್ನ ಯಾವೂರಿಗೆ ಕೊಟ್ಟಿದ್ದೀರಿ?’ ಅಂತ ಕೇಳಿದರು. ಅಮ್ಮ ಏನೂ ಹೇಳದೆ ಒಳಗೆ ಹೋಗಿ ಉಪ್ಪಿಟ್ಟು ತಂದರು.

ಹೈಸ್ಕೂಲಿನ ಕೊನೆಗೆ ಬಂದಾಗ ನನಗೂ ಸ್ವಂತ ಅಭಿಪ್ರಾಯಗಳು ಹುಟ್ಟಿಕೊಂಡವು. ಪ್ರೇಮಲೋಕ ಬಂದಿದ್ದು 1987ರಲ್ಲಿ. ಅದಾದ ಮೇಲೆ ನಮ್ಮೂರಿನ ಹುಡುಗರೆಲ್ಲ ಕತ್ತಿನ ಹಿಂದೆ ಕೂದಲು ಬಿಟ್ಟರು. ನನಗೆ ಆ ಅವಕಾಶ ಇರಲಿಲ್ಲ. ಅಪ್ಪ ಕಟಿಂಗ್ ಶಾಪಿನವನಿಗೆ ‘ಇನ್ನು ಮೂರು ತಿಂಗಳು ಈ ಕಡೆ ಬರಬಾರದು, ಹಂಗೆ ಹೊಡಿ’ ಅಂತ ಹೇಳಿ ಪೇಪರು ಓದುತ್ತಾ ಕೂರುತ್ತಿದ್ದರು. ಉಳಿದ ಕೂದಲಿಗೆ ಅಮ್ಮ ಕೊಬ್ಬರಿ ಎಣ್ಣೆ ಸುರಿಯುತ್ತಿದ್ದರು. ಕೊಬ್ಬರಿಯ ಊರಿನಲ್ಲಿ ಎಣ್ಣೆಗೆ ಬರವೇ? ತಲೆಯಲ್ಲಿ ಹಿಡಿಸದ ಎಣ್ಣೆ ಹಣೆಗೆ, ಹಣೆಯಿಂದ ಕಿವಿಗೆ, ಕಿವಿಯಿಂದ ಕಾಲರಿಗೆ ಬರುತ್ತಿತ್ತು. ಕೂದಲು ಕೈಬಿಟ್ಟ ಮೇಲೆ ನನಗೆ ಉಳಿದದ್ದು ಬ್ಯಾಗಿ ಪ್ಯಾಂಟು.

ಅಕ್ಕನ ಮದುವೆಗೆ ಬ್ಯಾಗಿ ಬೇಕೇ ಬೇಕು ಅಂತ ಎರಡು ದಿನ ಊಟ ಬಿಟ್ಟೆ. ಅಂದರೆ ಮನೆಯಲ್ಲಿ ಬಿಟ್ಟೆ, ದೊಡ್ಡಪ್ಪನ ಮನೆಯಲ್ಲಿ ಮಾಡಿದೆ. ಕೊನೆಗೆ ಅಮ್ಮ ಒಪ್ಪಿ ಟೈಲರಣ್ಣನ ಹತ್ತಿರ ಕರೆದುಕೊಂಡು ಹೋದರು. ಅವರಿಗೆ ಬ್ಯಾಗಿ ಗೊತ್ತಿರಲಿಲ್ಲ. ನಾನು ವಾರಪತ್ರಿಕೆಯಿಂದ ಕತ್ತರಿಸಿದ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖದಲ್ಲಿ ಒಂದು ಬೆಳಕು ಬಂತು.

‘ಅಕ್ಕಾ, ಬೆಲ್ ಬಾಟಂ ಅಂದ್ರೆ ಮೇಲೆ ಬಿಗಿ, ಕೆಳಗೆ ಅಗಲ. ಇದು ಮೇಲೆ ಅಗಲ, ಕೆಳಗೆ ಬಿಗಿ. ಯಜಮಾನ್ರ ಮದುವೆ ಪ್ಯಾಂಟು ಇದ್ರೆ ತಗೊಂಡ್ ಬನ್ನಿ. ತಲೆಕೆಳಗು ಮಾಡಿ ಕತ್ತರಿಸಿಬಿಡ್ತೀನಿ.’

ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. 1973ರ ಬೆಲ್ ಬಾಟಂ, ಕಾಫಿ ಪುಡಿ ಬಣ್ಣ, ಒಂದೊಂದು ಕಾಲೂ ನೆಲ ಗುಡಿಸುವಷ್ಟು ಅಗಲ. ಟ್ರಂಕಿನಿಂದ ತೆಗೆದಾಗ ನುಸಿಗುಳಿಗೆ ವಾಸನೆ ಗಮ್ಮೆಂದಿತು. ಟೈಲರಣ್ಣ ಅದನ್ನು ಬಿಚ್ಚಿ, ತಿರುಗಿಸಿ, ಕತ್ತರಿಸಿ, ಸೊಂಟಕ್ಕೆ ಸೀರೆಯ ಹಾಗೆ ನೆರಿಗೆ ಹಿಡಿದು ಹೊಲಿದರು. ನಿಜವಾಗಿಯೂ ಬ್ಯಾಗಿ ಆಯಿತು! ಒಂದೇ ತೊಂದರೆ. ಮೊದಲು ಕಾಲ ತುದಿಯಲ್ಲಿ ಮಡಿಚಿ ಹೊಲಿದಿದ್ದ ಜಾಗ ಬಿಸಿಲು ಕಂಡಿರಲಿಲ್ಲ. ಅದು ಹೊಚ್ಚಹೊಸ ಬಣ್ಣದಲ್ಲಿ ನಾಲ್ಕು ಬೆರಳು ಅಗಲಕ್ಕೆ ನನ್ನ ಸೊಂಟದ ಸುತ್ತ ಬಂದು ಕೂತಿತು. ಜನ ಬೆಲ್ಟ್ ಅಂದುಕೊಳ್ಳುತ್ತಾರೆ ಬಿಡು ಅಂದರು ಟೈಲರಣ್ಣ. ಮೇಲಿನ ಅಂಗಿ ಅಂತೂ ಮೊದಲೇ ಗೊತ್ತಾಗಿತ್ತು, ಮರೂನ್, ಹಳದಿ ಚಕ್ಕುಲಿ.

ಇಷ್ಟೆಲ್ಲ ಬೇರೆಯವರು ಮಾಡಿದ್ದು. ಇನ್ನು ಮುಂದಿನದು ನಾನೇ ಸ್ವಂತ ಬುದ್ಧಿಯಿಂದ ಮಾಡಿದ್ದು.

ನನ್ನ ಕ್ಲಾಸಿನ ಹುಡುಗರಿಗೆಲ್ಲ ಮೀಸೆ ಬಂದಿತ್ತು. ನನಗೆ ಮಾತ್ರ ಹಾಲು ಕುಡಿದು ಒರೆಸಿಕೊಳ್ಳದ ಹಾಗೆ ಒಂದು ಗೆರೆ, ಬೆಳಕಿಗೆ ಹಿಡಿದರೆ ಕಾಣುತ್ತಿತ್ತು. ಅಜ್ಜಿಯ ಹತ್ತಿರ ಒಂದು ಡಬ್ಬಿ ಕಾಡಿಗೆ ಇತ್ತು. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ, ಮಸಿ ಹಿಡಿದು, ಅದಕ್ಕೆ ಮತ್ತೆ ನಾಲ್ಕು ಹನಿ ಹರಳೆಣ್ಣೆ ಕಲಸಿದ್ದು. ಮುಹೂರ್ತದ ಬೆಳಿಗ್ಗೆ ಬಚ್ಚಲುಮನೆ ಬಾಗಿಲು ಹಾಕಿಕೊಂಡು ಬೆಂಕಿಕಡ್ಡಿಯಿಂದ ಆ ಗೆರೆಯ ಮೇಲೆ ತಿದ್ದಿದೆ. ಮೊದಲು ಸುಮಾರಾಗಿ, ಆಮೇಲೆ ಇರಲಿ ಅಂತ ಇನ್ನೊಂದು ಸಲ. ಕನ್ನಡಿಯಲ್ಲಿ ನೋಡಿಕೊಂಡರೆ ಪಿಯುಸಿ ಮುಗಿಸಿದವನ ಹಾಗಿದ್ದೆ.

ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಕೆಲಸ ನನ್ನದು. ಗಂಡಿನ ಕಡೆಯ ಹುಡುಗಿಯರು ಬಂದಾಗ ಒಂದು ಹನಿ ಜಾಸ್ತಿ ಬಿದ್ದಿರಬಹುದು. ಸೋದರಮಾವ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ‘ಏನೋ, ರಾತ್ರಿ ಬೆಳಗಾಗೋದ್ರಲ್ಲಿ ದೊಡ್ಡವನಾಗಿಬಿಟ್ಟೆ’ ಅಂದ. ಆ ಮೂರು ಗಂಟೆ ನಾನು ನಡೆದಾಡಿದ ಠೀವಿಯಲ್ಲಿ ಆಮೇಲೆ ಯಾವತ್ತೂ ನಡೆದಿಲ್ಲ.

ಊಟಕ್ಕೆ ಕೂತೆವು. ಮೇ ತಿಂಗಳ ಮಧ್ಯಾಹ್ನ, ತಗಡಿನ ಚಪ್ಪರ, ಬೆವರು ಹೀರದ ಪಾಲಿಯೆಸ್ಟರ್ ಅಂಗಿ. ಅನ್ನದ ಮೇಲೆ ಕೊತಕೊತ ಕುದಿಯೋ ತಿಳಿಸಾರು ಬಿತ್ತು. ನಾನು ಬಗ್ಗಿ ಸಾರನ್ನು ಸುರ್ರನೆ ಹೀರಿದೆ. ಕಾಡಿಗೆ ಎಣ್ಣೆಯದಲ್ವಾ, ಹಬೆಗೆ ಕರಗಿತು. ಮೂಗಿನ ಕೆಳಗೆ ಏನೋ ಹರಿದಂತಾಗಿ ಎಡಗೈಯ ಹಿಂಭಾಗದಿಂದ ಒರೆಸಿಕೊಂಡೆ. ಅರ್ಧ ಮೀಸೆ ಕಿವಿಯವರೆಗೆ ಹೋಯಿತು. ಇನ್ನರ್ಧ ಬಾಯಿಯ ಎರಡೂ ಕಡೆಯಿಂದ ಗಲ್ಲಕ್ಕೆ ಇಳಿಯುತ್ತಿತ್ತು. ಪಕ್ಕದಲ್ಲಿದ್ದವರು ಗಂಡಿನ ಕಡೆಯ ದೊಡ್ಡ ಮನುಷ್ಯರು, ಅಚ್ಚ ಬಿಳಿ ಜರತಾರಿ ಶಲ್ಯ. ಅಯ್ಯೋ ಪಾಪ, ಹುಡುಗನಿಗೆ ಏನೋ ಆಗಿದೆ ಅಂತ ಅವರೇ ಶಲ್ಯದ ತುದಿಯಿಂದ ನನ್ನ ಮುಖ ಒರೆಸಿದರು. ಮೀಸೆ ಅವರ ಶಲ್ಯದ ಮೇಲೆ ಅಚ್ಚಾಯಿತು. ನನ್ನ ಮುಖದ ಮೇಲಿದ್ದಾಗಲೂ ಅಷ್ಟು ಚೆನ್ನಾಗಿರಲಿಲ್ಲ.

ಆಗಲೇ ವಿಡಿಯೋದವನು ಬಂದದ್ದು. ನಿಮಗೆ ನೆನಪಿರಬೇಕು, ಆಗಿನ ವಿಡಿಯೋದವರಿಗೆ ಊಟದ ಪಂಕ್ತಿ ಅಂದರೆ ಪ್ರಾಣ. ಒಬ್ಬ ಕ್ಯಾಮೆರಾ ಹೊತ್ತು ಮುಂದೆ, ಇನ್ನೊಬ್ಬ ಸೂರ್ಯನಂಥ ಲೈಟು ಹಿಡಿದು ಹಿಂದೆ. ಜನ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ಅಗಿಯೋದೋ ನಗೋದೋ ತಿಳಿಯದೆ ನಿಲ್ಲುತ್ತಿದ್ದರು. ನಮ್ಮ ಎಲೆ ಮುಂದೆ ಅವರು ನಿಂತರು. ನಿಂತೇ ಇದ್ದರು. ವಿಡಿಯೋದಲ್ಲಿ ಈಗ ನೋಡಿದೆ, ಪೂರ್ತಿ 40 ಸೆಕೆಂಡು. ಅಷ್ಟು ಹೊತ್ತು ಮದುಮಗಳನ್ನೂ ತೋರಿಸಿಲ್ಲ. ಸಾಲದು ಅಂತ ಆಮೇಲೆ ಎಡಿಟಿಂಗ್ ಮಾಡಿದವನು ಗಂಡುಹೆಣ್ಣಿನ ಸುತ್ತ ಕೆಂಪು ಹೃದಯದ ಚಿತ್ರ ಹಾಕಿದ್ದಾನೆ. ಅದು ಒಂದು ಸೆಕೆಂಡು ಮುಂಚೆ ಅರಳಿದೆ. ಹೃದಯದೊಳಗೆ ನಾನು ಮತ್ತು ಆ ಯಜಮಾನರು, ನಡುವೆ ಶಲ್ಯ.

ಗುಂಪಿನಲ್ಲಿ ಇದನ್ನು ನೋಡಿ ಅಳಿಯ ಒಬ್ಬ ಸ್ಟಿಕ್ಕರ್ ಮಾಡಿದ್ದಾನೆ. ಈಗ ಯಾರಿಗೆ ಹುಟ್ಟುಹಬ್ಬ ಬಂದರೂ ಅದೇ ಬರುತ್ತದೆ.

ನನ್ನ ಮಗಳು ಮಾತ್ರ ನಗಲಿಲ್ಲ. ಮೊಬೈಲು ಇಸಕೊಂಡು, ವಿಡಿಯೋ ನಿಲ್ಲಿಸಿ, ಎರಡು ಬೆರಳಿನಿಂದ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು. ಅಪ್ಪನ ಮೇಲೆ ಕನಿಕರ ಬಂತೇನೋ ಅಂದುಕೊಂಡೆ.

‘ಅಪ್ಪಾ, ಮೀಸೆ ಬಿಡು. ಈ ಬಟ್ಟೆ ಅಜ್ಜಿ ಮನೇಲಿ ಮಿಕ್ಸಿ ಮೇಲೆ ಮುಚ್ಚಿರ್ತಾರಲ್ಲ, ಅದೇ ಅಲ್ವಾ?’

ನನಗೆ ಎದೆ ಝಲ್ಲೆಂದಿತು. ತಿಪಟೂರಿಗೆ ಫೋನ್ ಮಾಡಿದೆ. ಅಮ್ಮ ಮೊದಲು ಊಟ ಆಯ್ತಾ ಅಂತ ಕೇಳಿದರು. ಆಮೇಲೆ ಹೇಳಿದರು, ‘ಹೂಂ ಕಣೋ, ಅದೇ ತಾನು. ಎಷ್ಟು ಒಗೆದರೂ ಬಣ್ಣ ಹೋಗಲ್ಲ ನೋಡು. ಬೀರುನಲ್ಲಿ ಇನ್ನೂ ಎರಡು ಮೀಟರ್ ಹಂಗೇ ಇದೆ. ಪುಟ್ಟಿ ಅಳತೆ ಕಳ್ಸು, ಸ್ವಲ್ಪ ದೊಡ್ಡದಾಗೇ ಹೊಲಿಸ್ತೀನಿ.’