ಚಿಕ್ಕಮ್ಮನ ವೆಬ್‌ಸೈಟಿನಲ್ಲಿ ಉಪ್ಪಿನಕಾಯಿಗೆ ಒತ್ತೇ ಇರಲಿಲ್ಲ

ಸಾಗರದಲ್ಲಿರುವ ನಮ್ಮ ಚಿಕ್ಕಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾಳೆ. ಅವಳಿಗೊಂದು ವೆಬ್‌ಸೈಟ್ ಮಾಡಿಕೊಡೋಣ ಅಂತ ಎರಡು ಭಾನುವಾರ ಕೂತೆ. ಮೊದಲ ಭಾನುವಾರ ಪೂರ್ತಿ ಥೀಮ್, ಅಂದರೆ ಸೈಟಿನ ಸಿದ್ಧ ವಿನ್ಯಾಸ, ಆರಿಸೋದರಲ್ಲೇ ಹೋಯಿತು. ಪಾಯ ತೋಡುವ ಮೊದಲೇ ಕಿಟಕಿ ಪರದೆಯ ಬಣ್ಣ ನೋಡಿದ ಹಾಗೆ.

ಮೊದಲು ನೋಡಬೇಕಾದ್ದು ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ಯಾರ ಕೈಯಲ್ಲಿದೆ ಅನ್ನೋದು. ಇದನ್ನು ಪೆಟ್ಟು ತಿಂದು ಕಲಿತೆವು. ಚಿಕ್ಕಮ್ಮನಿಗೆ ಹಿಂದೊಮ್ಮೆ ಪರಿಚಯದ ಹುಡುಗನೊಬ್ಬ ಸೈಟ್ ಮಾಡಿಕೊಟ್ಟಿದ್ದ. ಡೊಮೇನ್ ತೆಗೆದುಕೊಂಡಿದ್ದು ಅವನ ಇಮೇಲಿನಲ್ಲಿ. ಕೆಟ್ಟವನೇನಲ್ಲ, ಕೆಲಸ ಸಿಕ್ಕಿತು, ಊರು ಬಿಟ್ಟ, ಮರೆತ. ರಿನ್ಯೂವಲ್ ನೋಟಿಸೆಲ್ಲ ಅವನ ಹಳೇ ಇಮೇಲಿಗೆ ಹೋಗಿ ಬಿದ್ದವು. ಹೆಸರು ಕೈತಪ್ಪಿತು. ಚಿಕ್ಕಮ್ಮನ ಡಬ್ಬಿಗಳ ಲೇಬಲ್ ಮೇಲೆ ಮಾತ್ರ ಇವತ್ತಿಗೂ ಅದೇ ವಿಳಾಸ!

ಡೊಮೇನ್ ಕೊಂಡೆ ಅಂತೀವಿ, ನಿಜಕ್ಕೂ ಅದು ಬಾಡಿಗೆ. ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷ. ಮೊದಲ ವರ್ಷದ ರೇಟು ನೋಡಿ ಕುಣಿಯಬೇಡಿ, ಎರಡನೇ ವರ್ಷದ್ದು ನೋಡಿ. ಯಾರೇ ಮಾಡಿಕೊಡಲಿ, ಇಮೇಲ್, ಪಾಸ್‌ವರ್ಡ್, ಬಿಲ್ಲು ನಿಮ್ಮ ಹೆಸರಲ್ಲೇ ಇರಲಿ.

ನಾನು ಬಳಸಿದ್ದು ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್. 2003ರಿಂದ ಇದೆ, ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಎರಡು ಬಾಗಿಲು. ವರ್ಡ್‌ಪ್ರೆಸ್ ಡಾಟ್ ಕಾಮ್ ಅಂದರೆ ಅವರ ಜಾಗದಲ್ಲೇ ಸೈಟು. ಡಾಟ್ ಆರ್ಗ್ ಅಂದರೆ ತಂತ್ರಾಂಶ ತಂದು ನಮ್ಮ ಹೋಸ್ಟಿಂಗಿನಲ್ಲಿ, ಅಂದರೆ ಸೈಟ್ ಇಡೋಕೆ ನಾವೇ ಬಾಡಿಗೆಗೆ ಹಿಡಿದ ಜಾಗದಲ್ಲಿ, ಹಾಕಿಕೊಳ್ಳೋದು. ನಾನು ಎರಡನೆಯದಕ್ಕೆ ಹೋದೆ. ಸೈಟಿಗೂ ನೋಡುವವರಿಗೂ ನಡುವೆ ಹೋಗಿಬರುವ ಮಾಹಿತಿಯನ್ನು ಬೇರೆಯವರು ಓದದಂತೆ ಹಾಕುವ ಬೀಗಕ್ಕೆ, ಅಂದರೆ ಎಸ್‌ಎಸ್‌ಎಲ್‌ಗೆ, ಬೇರೆ ದುಡ್ಡು ಕೇಳಿದರೆ ಸ್ವಲ್ಪ ತಡೆಯಿರಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸೇವೆ ಕೊಡೋದು ಪುಕ್ಕಟೆ, ಇಂಥ ಸಣ್ಣ ಸೈಟಿಗೆ ಧಾರಾಳ ಸಾಕು.

ನಿಜವಾದ ತಲೆನೋವು ಶುರುವಾಗಿದ್ದು ಕನ್ನಡ ಹಾಕಿದ ಮೇಲೆ. ಇಂಗ್ಲಿಷಿಗೆ ಅಂತ ಮಾಡಿದ ಥೀಮ್ ಅದು. ಇಂಗ್ಲಿಷಿಗೆ ಒತ್ತಕ್ಷರದ ಗೊಡವೆ ಇಲ್ಲವಲ್ಲ, ಸಾಲುಗಳ ನಡುವೆ ಜಾಗವೇ ಬಿಟ್ಟಿರಲಿಲ್ಲ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಗುದ್ದುತ್ತಿತ್ತು. ಬಟನ್‌ಗಳಲ್ಲಂತೂ ಒತ್ತು ಕತ್ತರಿಸಿಯೇ ಹೋಗಿತ್ತು. 'ಉಪಿನಕಾಯಿ' ಅಂತ ಕಾಣುತ್ತಿತ್ತು! ಲೈನ್ ಹೈಟ್, ಅಂದರೆ ಸಾಲಿನ ಎತ್ತರ, 1.1 ಇದ್ದಿದ್ದನ್ನು 1.6 ಮಾಡಿದೆ, ಬಟನ್‌ಗೆ ಮೇಲೆ ಕೆಳಗೆ ಜಾಗ ಬಿಟ್ಟೆ, ಫಾಂಟ್ ನೋಟೋ ಸಾನ್ಸ್ ಕನ್ನಡಕ್ಕೆ ಬದಲಿಸಿದೆ. ಉಪ್ಪಿನಕಾಯಿಗೆ ಒತ್ತು ವಾಪಸ್ ಬಂತು.

ಇನ್ನೊಂದು ತಮಾಷೆ ಲಿಂಕಿನದು. 'ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದು ಹೇಗೆ' ಅಂತ ಶೀರ್ಷಿಕೆ ಕೊಟ್ಟರೆ ಲಿಂಕಿನಲ್ಲಿ ಉಳಿದಿದ್ದು 'ಹಾಕ' ತನಕ ಮಾತ್ರ. ಯಾಕೆ ಅಂತ ಹುಡುಕಿದೆ. ವರ್ಡ್‌ಪ್ರೆಸ್ ಲಿಂಕಿನ ಆ ಭಾಗಕ್ಕೆ ಕೊಡುವುದು 200 ಜಾಗ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಜಾಗ ಸಾಕು. ಕನ್ನಡದ್ದು ಒಳಗೊಳಗೆ ಶೇಕಡಾ ಚಿಹ್ನೆ ಸೇರಿದ ಸಂಕೇತಗಳ ಸಾಲಾಗುತ್ತದೆ, ಒಂದೊಂದಕ್ಕೆ 9 ಜಾಗ. ಗುಣಿತದ ಚಿಹ್ನೆಗೂ ಅಷ್ಟೇ, ಒತ್ತಿನ ಹಿಂದೆ ಅಡಗಿರುವ ವಿರಾಮ ಚಿಹ್ನೆಗೂ (ಅರ್ಧಾಕ್ಷರ ಮಾಡುವ '್' ಗುರುತು) ಅಷ್ಟೇ. ಹಾಗಾಗಿ ಅಕ್ಷರ, ಚಿಹ್ನೆ ಎಲ್ಲ ಸೇರಿ 22 ದಾಟುವಷ್ಟರಲ್ಲಿ ಕತ್ತರಿ. ಶೀರ್ಷಿಕೆ ಕನ್ನಡದಲ್ಲೇ ಇಟ್ಟು, ಲಿಂಕನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆದೆ. ಮನಸ್ಸಿಗೆ ಬೇಜಾರೇ, ಏನು ಮಾಡೋದು.

ಪ್ಲಗಿನ್, ಅಂದರೆ ಸೈಟಿಗೆ ಜೋಡಿಸುವ ಹೆಚ್ಚುವರಿ ತಂತ್ರಾಂಶದ ತುಣುಕು, ಅದರ ವಿಷಯ ಜಾಸ್ತಿ ಹೇಳಲ್ಲ. ಬೇಕಾದ್ದು ಹಾಕಿ, ಬೇಡದ್ದು ಅಳಿಸಿ, ಅಪ್‌ಡೇಟ್ ಮಾಡುತ್ತಿರಿ. ಬ್ಯಾಕಪ್ ಸೈಟಿನ ಹೊರಗೆ ಬೇರೆ ಕಡೆ ಇರಲಿ.

ಎಲ್ಲ ಮುಗಿಸಿ ಹೆಮ್ಮೆಯಿಂದ ಚಿಕ್ಕಮ್ಮನ ಫೋನಿನಲ್ಲಿ ತೆರೆದು ತೋರಿಸಿದೆ. ಮೇಲುಗಡೆ ಮೂರು ಫೋಟೋ ಜಾರುತ್ತಾ ಬರುವ ಸ್ಲೈಡರ್ ಹಾಕಿದ್ದೆ, ಅರ್ಧ ದಿನ ತಿಂದ ಕೆಲಸ. ಅವಳು ಬೆರಳಿನಲ್ಲಿ ತಳ್ಳಿದಳು, ತಳ್ಳಿದಳು, ಇನ್ನೂ ತಳ್ಳಿದಳು.

"ಎಲ್ಲ ಚೆಂದ ಇದೆ ಮಾರಾಯ, ಫೋನ್ ನಂಬರ್ ಎಲ್ಲಿ?"

ನಂಬರ್ ತಳದಲ್ಲಿತ್ತು. ಸ್ಲೈಡರ್ ಅಲ್ಲೇ ಕೂತು ಅಳಿಸಿ, ಆ ಜಾಗದಲ್ಲಿ ನಂಬರ್ ಹಾಕಿದೆ.