ಕೂಲಿಪಟ್ಟಿಯಲ್ಲಿ ತಮ್ಮನ ಹೆಸರು

ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ನಮ್ಮ ಹಳ್ಳಿಯಲ್ಲಿ, ಕೊನೆಕೊಯ್ಲಿನ (ಅಡಿಕೆ ಗೊನೆ ಕೊಯ್ಯುವ) ದಿನಗಳಲ್ಲಿ ರಾತ್ರಿ ಅಡಿಕೆ ಸುಲಿಯಲು ಐದಾರು ಮನೆಯವರು ಒಂದೇ ಅಂಗಳದಲ್ಲಿ ಸೇರುವ ಪದ್ಧತಿ, ಸುಲಿಯುವ ಯಂತ್ರಗಳು ಬಂದ ಮೇಲೂ ಪೂರ್ತಿ ನಿಂತಿಲ್ಲ. ಆ ಅಂಗಳದ ಒಂದು ಮೂಲೆಯಲ್ಲಿ ನನ್ನ ತಮ್ಮ ಕೂತಿರುತ್ತಾನೆ. ಅವನಿಗೀಗ 36 ವರ್ಷ. ಹುಟ್ಟಿದಾಗಿನಿಂದ, ಬೌದ್ಧಿಕ ಅಸಾಮರ್ಥ್ಯ ತರುವ ಡೌನ್ ಸಿಂಡ್ರೋಮ್ ಇದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಹತ್ತಿರ ಅವನನ್ನು ಯಾರೂ ಬಿಡುವುದಿಲ್ಲ, ಅವನೂ ಹೋಗುವುದಿಲ್ಲ. ಕೊನೆಯಿಂದ ಅಡಿಕೆ ಬಿಡಿಸುವುದು, ಸುಲಿದವರ ಮುಂದೆ ಬಿದ್ದ ಸಿಪ್ಪೆಯನ್ನು ಬುಟ್ಟಿಗೆ ತುಂಬಿ ಹೊರಗೆ ಹಾಕುವುದು, ಬುಟ್ಟಿ ಬರಿದಾದವರಿಗೆ ಹೊಸ ಅಡಿಕೆ ತಂದು ಸುರಿಯುವುದು ಅವನ ಕೆಲಸ. ಬಿಸಿಲಿಗೆ ಹಾಕಿದ ಚಾಲಿ ಅಡಿಕೆ ಒಣಗಿದ ಮೇಲೆ ಗೋಟು, ಕೋಕಾ ಎಂಬ ಕೆಳದರ್ಜೆಯವನ್ನು ಬೇರೆ ಮಾಡಿ ಹೆಕ್ಕುವುದರಲ್ಲಂತೂ ಅವನ ಕಣ್ಣು ತಪ್ಪುವುದು ಅಪರೂಪ. ‘ಅಂವ ಇಲ್ದೇ ಇದ್ರೆ ಕೆಲಸ ಮುಂದೆ ಹೋಗ್ತಿಲ್ಲೆ’ ಎಂದು ಪಕ್ಕದ ಮನೆಯ ಭಾವ ಹೇಳುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ.

ಸುಲಿದವರ ಹೆಸರು, ಅವರವರ ಅಳತೆ, ಕೊಟ್ಟ ಮುಂಗಡ ಎಲ್ಲವನ್ನೂ ಬರೆದಿಡುವ ಪುಸ್ತಕ ಎಲ್ಲರ ಮನೆಯಲ್ಲೂ ಇರುತ್ತದೆ. ನನ್ನ ತಮ್ಮ ಹದಿನೈದು ವರ್ಷಗಳಿಂದ ಕೆಲಸ ಮಾಡಿದ ಯಾವ ಮನೆಯ ಪುಸ್ತಕದಲ್ಲೂ ಅವನ ಹೆಸರಿರಲಿಲ್ಲ. ಅವನಿಗೆ ಚಹಾ, ಅವಲಕ್ಕಿ, ದೀಪಾವಳಿಗೆ ಒಂದು ಲುಂಗಿ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಕೈಗೆ ಒಂದಿಷ್ಟು ಹಣ ಸಿಗುತ್ತಿತ್ತು. ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದವರಲ್ಲ. ಅವನನ್ನು ಪ್ರೀತಿಯಿಂದ ಕಂಡವರೇ ಎಲ್ಲರೂ. ಆದರೆ ಅವನು ಮಾಡುವುದು ಕೆಲಸ ಎಂಬುದು ನನ್ನನ್ನೂ ಸೇರಿಸಿ ಯಾರಿಗೂ ಹೊಳೆದಿರಲಿಲ್ಲ.

ನನಗೆ ಅದು ಹೊಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಮದುವೆಯಾಗಿ ಇಲ್ಲಿಗೆ ಬಂದು, ಬೌದ್ಧಿಕ ಅಸಾಮರ್ಥ್ಯ ಮತ್ತು ಆಟಿಸಂ ಇರುವ ವಯಸ್ಕರಿಗೆ ನೆರವಾಗುವ ಒಂದು ಸಂಸ್ಥೆಯಲ್ಲಿ ಒಂಬತ್ತು ವರ್ಷಗಳಿಂದ ‘ಜಾಬ್ ಕೋಚ್’ ಆಗಿದ್ದೇನೆ. ಅಂಗಡಿಯಲ್ಲೋ ಹೋಟೆಲ್ ಅಡುಗೆಮನೆಯಲ್ಲೋ ಕೆಲಸಕ್ಕೆ ಸೇರಿದವರ ಜೊತೆಗೆ ಮೊದಲ ದಿನದಿಂದ ನಿಂತು, ಆ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಿ, ಎಲ್ಲಿ ತೊಡಕಾಗುತ್ತದೆ ಎಂದು ನೋಡಿ, ಅದಕ್ಕೊಂದು ಚಿತ್ರವನ್ನೋ ಗುರುತನ್ನೋ ಮಾಡಿಕೊಟ್ಟು, ಕಲಿತಂತೆಲ್ಲ ನಾನು ಹಿಂದೆ ಸರಿಯುತ್ತ ಬರುವುದು ನನ್ನ ಉದ್ಯೋಗ. ಹಿಂದೆ ಸರಿಯುವುದೇ ಇದರಲ್ಲಿ ಕಷ್ಟದ ಭಾಗ. ಕೈ ಹಾಕಿ ಮಾಡಿಕೊಡುವುದು ಸುಲಭ. ಕೈ ಕಟ್ಟಿಕೊಂಡು ಎರಡು ನಿಮಿಷ ಕಾಯುವುದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

ಇಲ್ಲಿಯ ಏರ್ಪಾಡಿನ ಬುಡದಲ್ಲಿರುವುದು 1969ರ ಲ್ಯಾಂಟರ್‌ಮನ್ ಕಾನೂನು. ಹದಿನೆಂಟು ವರ್ಷಕ್ಕೆ ಮುಂಚೆ ಕಾಣಿಸಿಕೊಂಡು ಬದುಕಿನುದ್ದಕ್ಕೂ ಉಳಿಯುವ ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಅಪಸ್ಮಾರ ಮುಂತಾದವುಗಳಿಂದ ಗಣನೀಯವಾಗಿ ಬಾಧಿತರಾದವರಿಗೆ ನೆರವು ಪಡೆಯುವುದು ಹಕ್ಕು ಎಂದು ಅದು ಹೇಳುತ್ತದೆ. ಈ ನೆರವನ್ನು ಹೊಂದಿಸಿಕೊಡಲು ರಾಜ್ಯದಾದ್ಯಂತ 21 ಪ್ರಾದೇಶಿಕ ಕೇಂದ್ರಗಳಿವೆ. ಅವು ಸರ್ಕಾರಿ ಕಚೇರಿಗಳಲ್ಲ, ಸರ್ಕಾರದ ಹಣದಿಂದ ನಡೆಯುವ ಲಾಭರಹಿತ ಸಂಸ್ಥೆಗಳು. ಪ್ರತಿಯೊಬ್ಬರಿಗೂ ಒಂದು ವೈಯಕ್ತಿಕ ಯೋಜನೆ ಬರೆಯಬೇಕು, ಬರೆಯುವಾಗ ಆ ವ್ಯಕ್ತಿ ಕೂತಿರಬೇಕು, ಅದರಲ್ಲಿ ಒಪ್ಪಿಕೊಂಡದ್ದನ್ನು ಕೊಡಬೇಕು. ಕೆಲಸ ಮಾಡಿದವನ ಸಂಬಳ ಅವನಿಗೆ. ಅವನ ಪಕ್ಕ ನಿಂತ ನನ್ನ ಸಂಬಳ ಬೇರೆ, ಬೇರೆ ಮೂಲದಿಂದ. ಈ ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿದ್ದೇ ಇಲ್ಲಿಯವರು ಮಾಡಿದ ದೊಡ್ಡ ಕೆಲಸವೆಂದು ನನ್ನ ಭಾವನೆ. ಮಗನನ್ನು ಮನೆಯಲ್ಲೇ ನೋಡಿಕೊಳ್ಳುವ ತಾಯಿ ಕೂಡ ಇಲ್ಲಿ ಮನೆ-ಆರೈಕೆಯ ಸರ್ಕಾರಿ ಯೋಜನೆಯಡಿ ಗಂಟೆಗಳನ್ನು ಬರೆದು ವೇತನ ಪಡೆಯಬಹುದು. ಇದನ್ನು ನಾನು ಫೋನಿನಲ್ಲಿ ಹೇಳಿದಾಗ ನಮ್ಮ ಆಯಿ (ಅಮ್ಮ) ಬಹಳ ಹೊತ್ತು ಮಾತಾಡಲಿಲ್ಲ.

ನಾನು ಮೊದಲು ಜೊತೆಗೆ ನಿಂತ ಹುಡುಗ ದಿನಸಿ ಅಂಗಡಿಯೊಂದರಲ್ಲಿ ತಳ್ಳುಗಾಡಿಗಳನ್ನು ಸಾಲಾಗಿ ತಂದು ನಿಲ್ಲಿಸುತ್ತಿದ್ದ. ಮೊದಲ ಸಂಬಳದ ಚೀಟಿ ಬಂದ ದಿನ ಬಸ್ಸಿನಲ್ಲಿ ಮನೆಗೆ ಹೋಗುವಾಗ ಅದರ ಮೇಲಿದ್ದ ತನ್ನ ಹೆಸರನ್ನು ಅವನು ನನಗೆ ಓದಿ ಹೇಳಿದ, ಆಮೇಲೆ ಎದುರಿಗೆ ಕೂತವರಿಗೂ ಓದಿ ಹೇಳಿದ. ಆ ರಾತ್ರಿ ನನಗೆ ನಮ್ಮೂರಿನ ಅಡಿಕೆ ಲೆಕ್ಕದ ಪುಸ್ತಕ ನೆನಪಾಗಿ ನಿದ್ದೆ ಬರಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಇಲ್ಲಿ ಎಲ್ಲವೂ ಸರಿಯಿದೆ ಎಂದು ಊರಿನವರು ತಿಳಿಯಬಾರದು. ಅಂಗವೈಕಲ್ಯ ಇರುವವರಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಲು ಅಮೆರಿಕದ 1938ರ ಕಾರ್ಮಿಕ ಕಾನೂನೇ ಅವಕಾಶ ಮಾಡಿಕೊಟ್ಟಿತು, ಒಕ್ಕೂಟದ ಮಟ್ಟದಲ್ಲಿ ಆ ಅವಕಾಶವನ್ನು ಇನ್ನೂ ತೆಗೆದುಹಾಕಿಲ್ಲ. ಇದರ ಬಲದಿಂದಲೇ ಪ್ರತ್ಯೇಕ ಕಾರ್ಯಾಗಾರಗಳಲ್ಲಿ ಜನ ವರ್ಷಾನುಗಟ್ಟಲೆ ಪುಡಿಗಾಸಿಗೆ ಪ್ಯಾಕಿಂಗ್ ಮಾಡಿದರು. ಕ್ಯಾಲಿಫೋರ್ನಿಯಾ 2021ರಲ್ಲಿ ಕಾನೂನು ಮಾಡಿ, 2025ರ ಜನವರಿಯಿಂದ ತನ್ನ ರಾಜ್ಯದ ಮಟ್ಟಿಗೆ ಅದನ್ನು ನಿಲ್ಲಿಸಿತು. ಇಂಥವರನ್ನು ಬೇರೆಯಾಗಿ ಇಡುತ್ತ ನೂರಕ್ಕೂ ಹೆಚ್ಚು ವರ್ಷ ನಡೆದ ಸೊನೋಮಾದ ದೊಡ್ಡ ವಸತಿ ಸಂಸ್ಥೆ ಮುಚ್ಚಿದ್ದು 2018ರ ಕೊನೆಯಲ್ಲಿ. ಇವತ್ತು ನಾವು ಮೆಚ್ಚುವ ವ್ಯವಸ್ಥೆಗೆ ಇಷ್ಟು ಹತ್ತಿರದ ನೆರಳಿದೆ.

ಹಣದ ನಿಯಮಗಳೂ ಕೈಕಟ್ಟುತ್ತವೆ. ಆದಾಯ ಕಡಿಮೆ ಇರುವ ಅಂಗವಿಕಲರಿಗೆ ಅಮೆರಿಕ ಸರ್ಕಾರ ಕೊಡುವ ಪೂರಕ ಆದಾಯ ಭತ್ಯೆ ಪಡೆಯುವವರ ದುಡಿಮೆಯಲ್ಲಿ ತಿಂಗಳಿಗೆ ಮೊದಲ 85 ಡಾಲರ್‌ವರೆಗೆ ಬಿಟ್ಟು, ಉಳಿದ ಪ್ರತಿ ಎರಡು ಡಾಲರ್‌ಗೆ ಒಂದು ಡಾಲರ್ ಭತ್ಯೆ ಕಡಿಮೆಯಾಗುತ್ತದೆ. ಒಂಟಿ ವ್ಯಕ್ತಿಯ ಉಳಿತಾಯ 2,000 ಡಾಲರ್ ದಾಟಿದರೆ ಭತ್ಯೆಯೇ ನಿಲ್ಲಬಹುದು, ಮತ್ತು ಆ ಮಿತಿ 1989ರಿಂದ ಏರಿಲ್ಲ. ಅಂಗವೈಕಲ್ಯ ಇರುವವರು ಪ್ರತ್ಯೇಕ ಖಾತೆಯಲ್ಲಿ ಹಣ ಇಡಲು 2014ರ ಕಾನೂನು ದಾರಿ ಮಾಡಿಕೊಟ್ಟಿತಾದರೂ, ಅದನ್ನು ತಿಳಿಸಿಕೊಡುವವರು ಸಿಕ್ಕದ ಕುಟುಂಬಗಳಿಗೆ ಅದು ಇದ್ದೂ ಇಲ್ಲದಂತೆ. ಜೊತೆಗೆ ನಿಲ್ಲುವವರ ಸಂಬಳ ಕಡಿಮೆ; ಹಾಗಾಗಿ ಬಿಟ್ಟು ಹೋಗುವವರು ಹೆಚ್ಚು. ಆ ತಳ್ಳುಗಾಡಿಯ ಹುಡುಗನಿಗೆ ಮೂರು ವರ್ಷದಲ್ಲಿ ಮನೆಯ ನೆರವಿಗೆ ಆರು ಜನ ಬದಲಾದರು. ಊಟದ ಬಿಡುವಿನಲ್ಲಿ ಅವನು ಒಬ್ಬನೇ ಕೂರುತ್ತಾನೆ. ಜೊತೆಯವರು ಒಳ್ಳೆಯವರೇ, ನಕ್ಕು ಕೈ ಬೀಸುತ್ತಾರೆ, ಆದರೆ ಅವನ ಮೇಜಿಗೆ ಬಂದು ಕೂರುವುದಿಲ್ಲ. ಯಾರಾದರೂ ಒಬ್ಬರು ವಾರಕ್ಕೊಂದು ದಿನ ಅವನ ಜೊತೆ ಊಟ ಮಾಡುವಂತೆ ಮಾಡಲು ನಾನು ಎರಡು ತಿಂಗಳು ಹೆಣಗಿದ್ದೇನೆ, ಅದನ್ನು ವರದಿಯಲ್ಲಿ ‘ಗುರಿ’ ಎಂದು ಬರೆದಿದ್ದೇನೆ.

ನಮ್ಮ ಅಂಗಳದಲ್ಲಿ ಅದು ಗುರಿಯಲ್ಲ. ಅಲ್ಲಿ ತಮ್ಮನ ಪಕ್ಕ ಯಾರಾದರೂ ಕೂತೇ ಇರುತ್ತಾರೆ. ಯಕ್ಷಗಾನದ ಮಾತು ಬಂದರೆ ಭಾಗವತರ ಹಾಡಿನ ಒಂದು ತುಂಡನ್ನು ಅವನಿಂದ ಹಾಡಿಸುತ್ತಾರೆ, ಮುನಿಸಿಕೊಂಡರೆ ಒಲಿಸುತ್ತಾರೆ. ಕೆಲಸವೂ ತಾನಾಗಿ ತುಂಡುತುಂಡಾಗಿಯೇ ಇದೆ: ಕೀಳುವವರು, ಬಿಡಿಸುವವರು, ಸುಲಿಯುವವರು, ಬೇಯಿಸುವವರು, ಹರವುವವರು, ಹೆಕ್ಕುವವರು. ಇಲ್ಲಿಯ ಅಂಗಡಿಯೊಂದರಲ್ಲಿ ಒಬ್ಬರಿಗೆ ಹೊಂದುವಂಥ ಕೆಲಸವನ್ನು ಬಿಡಿಸಿ ತೆಗೆಯಲು ನಾವು ಮಾಲೀಕರ ಜೊತೆ ವಾರಗಟ್ಟಲೆ ಮಾತಾಡಬೇಕಾಗುತ್ತದೆ. ಘಟ್ಟದ ಕೆಳಗೂ ಹಾಗೆಯೇ ಕೆಲಸವಿದೆ. ಗೇರುಬೀಜ ಹೆಕ್ಕಿ ಬೇರೆ ಮಾಡುವುದು, ಮೀನು ಒಣಗಿಸುವುದು, ಭಟ್ಕಳದ ಮಲ್ಲಿಗೆ ಕಟ್ಟುವುದು, ಅಡಿಕೆ ಹಾಳೆಯ ತಟ್ಟೆ ಒತ್ತುವುದು. ಇವೆಲ್ಲ ಜೊತೆಯಲ್ಲಿ ಕೂತು, ನೋಡಿ ಕಲಿಯಬಹುದಾದ ಕೆಲಸಗಳು. ಕೆಲಸವೂ ಜೊತೆಯೂ ಇರುವಲ್ಲಿ ನಾವು ಲೆಕ್ಕವನ್ನು ಮಾತ್ರ ಇಟ್ಟಿಲ್ಲ.

ಲೆಕ್ಕ ಯಾಕೆ ಬೇಕು ಎಂದು ನಮ್ಮಲ್ಲಿ ಕೇಳುತ್ತಾರೆ. ಆಯಿಯೂ ಕೇಳಿದಳು: ‘ಮನೆ ಮಾಣಿಗೆ ಎಂತಾ ಕೂಲಿ?’ ಅದಕ್ಕೆ ಉತ್ತರ ನಮಗೆ ಸಿಕ್ಕಿದ್ದು ಅಪ್ಪಯ್ಯ ತೀರಿಕೊಂಡ ವರ್ಷ. ಹಿಸ್ಸೆಯ ಮಾತು ಬಂದಾಗ, ತಮ್ಮನ ಪಾಲು ‘ಅವನನ್ನು ನೋಡಿಕೊಳ್ಳುವವರಿಗೆ’ ಎಂದು ಹಿರಿಯರು ಸಹಜವಾಗಿಯೇ ಹೇಳಿದರು. ಅವನು ಅಲ್ಲೇ ಜಗಲಿಯ ಮೇಲೆ ಕೂತಿದ್ದ. ತೋಟಕ್ಕೆ ಹದಿನೈದು ವರ್ಷ ದುಡಿದವನು ಆ ಮಾತಿನಲ್ಲಿ ತೋಟದ ಮೇಲಿನ ಖರ್ಚಾಗಿದ್ದ. ಅವನ ದುಡಿಮೆ ಎಲ್ಲಿಯೂ ಬರೆದಿರದಿದ್ದರಿಂದ ನಮಗೂ ಎದುರು ಹೇಳಲು ಏನೂ ಇರಲಿಲ್ಲ.

ಆಮೇಲೆ ಅವನ ಹೆಸರಿನಲ್ಲಿ ಖಾತೆ ತೆರೆಯಲು ಶಿರಸಿಯ ಬ್ಯಾಂಕೊಂದಕ್ಕೆ ಅಣ್ಣ ಅವನನ್ನು ಕರೆದುಕೊಂಡು ಹೋದ. ಪಾಲಕತ್ವದ ಪ್ರಮಾಣಪತ್ರ ಇಲ್ಲದೆ ಆಗುವುದಿಲ್ಲ ಎಂದರು. ಅಂಗವೈಕಲ್ಯ ಇರುವವರಿಗೆ ಇತರರಂತೆಯೇ ಆಸ್ತಿ ಹೊಂದುವ, ತಮ್ಮ ಹಣಕಾಸನ್ನು ತಾವೇ ನಿಭಾಯಿಸುವ ಹಕ್ಕಿದೆ ಎಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 13ನೇ ಕಲಮು ಹೇಳುತ್ತದೆ. ಬೇಕಾದ ಮಟ್ಟಿಗೆ, ಬೇಕಾದ ಅವಧಿಗೆ, ವ್ಯಕ್ತಿಯ ಜೊತೆ ಸೇರಿಯೇ ನಿರ್ಧರಿಸುವ ಸೀಮಿತ ಪಾಲಕತ್ವವನ್ನು 14ನೇ ಕಲಮು ಹೇಳುತ್ತದೆ. ಕೌಂಟರಿನಲ್ಲಿ ಈ ಮಾತಿಗೆ ಬೆಲೆ ಬರಲಿಲ್ಲ. ಉಳಿದ ದಾರಿ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಹದಿನೆಂಟು ದಾಟಿದ ಮೇಲೆ ಪಾಲಕರನ್ನು ನೇಮಿಸುವ ಅಧಿಕಾರ ಅದರಡಿಯ ಸ್ಥಳೀಯ ಮಟ್ಟದ ಸಮಿತಿಗೆ ಇದೆ, ಸಮಿತಿಯಲ್ಲಿ ಜಿಲ್ಲಾಧಿಕಾರಿ ಇರುತ್ತಾರೆ, ಜಿಲ್ಲಾಧಿಕಾರಿ ಕಾರವಾರದಲ್ಲಿ ಇರುತ್ತಾರೆ. ಶಿರಸಿಯಿಂದ ಕಾರವಾರ ಸುಮಾರು 120 ಕಿ.ಮೀ.; ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಹೋಗಬೇಕು. ಬಸ್ಸಿನ ತಿರುವುಗಳಲ್ಲಿ ತಮ್ಮನಿಗೆ ವಾಂತಿಯಾಗುತ್ತದೆ, ಅಪರಿಚಿತ ಕಚೇರಿಯಲ್ಲಿ ಕಾಯುವುದು ಅವನಿಂದ ಆಗುವುದಿಲ್ಲ. ಒಂದು ಕಾಗದ ಕಡಿಮೆಯಾಯಿತೆಂದು ಅಣ್ಣ, ತಮ್ಮ ಇಬ್ಬರೂ ಎರಡನೆಯ ಸಲವೂ ಹೋಗಬೇಕಾಯಿತು. ಮುಂಡಗೋಡ, ಜೋಯಿಡಾದ ಒಳಹಳ್ಳಿಗಳಿಂದ ಬರುವವರ ಪಾಡನ್ನು ಇದರ ಮೇಲೆ ಊಹಿಸಿಕೊಳ್ಳಬಹುದು.

2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಸರ್ಕಾರಿ ಹುದ್ದೆಗಳಲ್ಲಿ ಶೇ. 4ರಷ್ಟು ಮೀಸಲಾತಿ ಕೊಟ್ಟಿದೆ, ಅದರಲ್ಲಿ ಬೌದ್ಧಿಕ ಅಸಾಮರ್ಥ್ಯ, ಆಟಿಸಂ ಇರುವವರನ್ನೂ ಸೇರಿಸಿದೆ. ಸೇರಿಸಿದ್ದು ದೊಡ್ಡ ಮಾತೇ ಸರಿ. ಆದರೆ ಹುದ್ದೆಗೆ ವಿದ್ಯಾರ್ಹತೆ, ಪರೀಕ್ಷೆ ಇರುವಾಗ, ಎಸ್ಸೆಸ್ಸೆಲ್ಸಿಯ ಹತ್ತಿರ ಹೋಗದ ನನ್ನ ತಮ್ಮನಂಥವರಿಗೆ ಆ ಬಾಗಿಲಿನಿಂದ ಒಳಗೆ ಬರಲು ಆಗದು. ಅವನಿಗೆ ಬೇಕಾದದ್ದು ಅದೇ ಕಾಯ್ದೆಯ 38ನೇ ಕಲಮಿನಲ್ಲಿದೆ. ಹೆಚ್ಚಿನ ನೆರವು ಬೇಕಾದವರು ಅದಕ್ಕಾಗಿ ಅರ್ಜಿ ಹಾಕಬಹುದು, ಮಂಡಳಿಯೊಂದು ಅವರ ಅಗತ್ಯವನ್ನು ಅಳೆದು ಹೇಳಬೇಕು ಎನ್ನುತ್ತದೆ ಅದು. ಇಲ್ಲಿಯ ವೈಯಕ್ತಿಕ ಯೋಜನೆಗೆ ನಮ್ಮ ಕಾನೂನಿನಲ್ಲಿ ಅತ್ಯಂತ ಹತ್ತಿರವಾದದ್ದು ಈ ಕಲಮು. ಆದರೆ ನಮ್ಮ ಹಳ್ಳಿಯಲ್ಲಾಗಲಿ, ತಾಲ್ಲೂಕು ಕಚೇರಿಯಲ್ಲಿ ಅಣ್ಣ ಮಾತಾಡಿಸಿದವರಲ್ಲಾಗಲಿ ಇದರ ಹೆಸರು ಕೇಳಿದವರು ಸಿಗಲಿಲ್ಲ.

ಕ್ಯಾಲಿಫೋರ್ನಿಯಾದ ವ್ಯವಸ್ಥೆಯನ್ನು ಹಾಗೇ ಕಿತ್ತು ತಂದು ಶಿರಸಿಯಲ್ಲಿ ನೆಡಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿ ಆಗಲೇ ಇರುವ ಮೂರ್ನಾಲ್ಕು ತುದಿಗಳನ್ನು ಕಟ್ಟಿದರೆ ಸಾಕು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ಅಂಗವೈಕಲ್ಯ ಇರುವವರೇ, ಗೌರವಧನದ ಮೇಲೆ ದುಡಿಯುವವರು. ಇವತ್ತು ಅವರ ದಿನಗಳು ಮಾಸಾಶನದ ಅರ್ಜಿ, ಗುರುತಿನ ಚೀಟಿ ತುಂಬಿಸುವುದರಲ್ಲೇ ಕಳೆಯುತ್ತವೆ. ಕೆಲಸವನ್ನು ಹೆಜ್ಜೆಗಳಾಗಿ ಬಿಡಿಸುವುದನ್ನು, ಪಕ್ಕ ನಿಂತು ಕಲಿಸಿ ಹಿಂದೆ ಸರಿಯುವುದನ್ನು ಅವರಿಗೆ ಕಲಿಸಿ, ಅದಕ್ಕೆ ಬೇರೆಯಾಗಿ ಹಣ ಕೊಡಬಹುದು. ಶಿರಸಿ ಸೀಮೆಯ ಸಹಕಾರಿ ಸಂಘಗಳು ನೂರು ವರ್ಷದಿಂದ ಅಡಿಕೆಯ ಪ್ರತಿ ಚೀಲದ ಲೆಕ್ಕ ಇಟ್ಟವು. ಹೆಕ್ಕುವ, ವಿಂಗಡಿಸುವ ಕಣಗಳಲ್ಲಿ ಇಂಥವರು ನಾಲ್ಕೈದು ಜನ ಉಳಿದವರ ನಡುವೆಯೇ ಕೂತು, ಅದೇ ದರದಲ್ಲಿ ಕೂಲಿ ಪಡೆಯುವುದು ಅವಕ್ಕೆ ಕಷ್ಟದ ಲೆಕ್ಕವಲ್ಲ. ಅವರಿಗಾಗಿ ಬೇರೊಂದು ಕಟ್ಟಡ ಕಟ್ಟಿ ಮೇಣದಬತ್ತಿ ಮಾಡಿಸುವುದು ಮಾತ್ರ ಬೇಡವೆಂದು ಕೈಮುಗಿದು ಕೇಳುತ್ತೇನೆ. ಬೇರೆ ಕೂರಿಸಿದ್ದರ ಫಲವನ್ನು ಇಲ್ಲಿ ಮೂರು ತಲೆಮಾರು ಉಂಡಿದೆ. ಸ್ಥಳೀಯ ಮಟ್ಟದ ಸಮಿತಿಯೂ ಮೂರು ತಿಂಗಳಿಗೊಮ್ಮೆ ಶಿರಸಿಯ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಕೂರಲಿ.

ಕಳೆದ ಕೊಯ್ಲಿಗೆ ನಾನು ರಜೆ ಹಾಕಿ ಊರಿಗೆ ಹೋಗಿದ್ದೆ. ಅಣ್ಣನ ಜೊತೆ ಕೂತು, ನಮ್ಮ ಮನೆಯ ಪುಸ್ತಕದಲ್ಲಿ ತಮ್ಮನ ಹೆಸರಿಗೊಂದು ಪುಟ ತೆಗೆದೆವು. ಸುಲಿಯದವನಿಗೆ ಅಳತೆ ಯಾವುದು ಎಂಬ ಪ್ರಶ್ನೆ ಬಂತು. ಹೆಕ್ಕಿದ ಚೀಲ ಎಣಿಸುವುದೆಂದೂ, ಸಿಪ್ಪೆ ಹೊರುವುದಕ್ಕೆ ಹೊತ್ತಿನ ಲೆಕ್ಕವೆಂದೂ ಅತ್ತಿಗೆ ಹೇಳಿದಳು, ಅದೇ ಸರಿ ಎನಿಸಿತು. ಪಕ್ಕದ ಮನೆಯ ಭಾವ ಮೊದಲು ಮುಖ ಸಣ್ಣದು ಮಾಡಿದ, ‘ಹಂಗಾರೆ ಇಷ್ಟು ವರ್ಷ ನಾ ಕೊಡದೇ ಇದ್ದದ್ದು ತಪ್ಪಾತಾ’ ಎಂದ, ವಾರ ಬಿಟ್ಟು ಅವನೂ ಬರೆಯತೊಡಗಿದ. ಈಗ ತಮ್ಮ ದಿನವೂ ಮಲಗುವ ಮುಂಚೆ ಫೋನು ಮಾಡಿಸಿ ‘ಅಕ್ಕಾ, ಇವತ್ತು ಎರಡು ಚೀಲ’ ಎಂದು ಹೇಳುತ್ತಾನೆ. ಹಣ ಸದ್ಯಕ್ಕೆ ಅತ್ತಿಗೆಯ ಕಪಾಟಿನಲ್ಲಿ, ಅವನ ಹೆಸರು ಬರೆದ ಡಬ್ಬಿಯಲ್ಲಿ ಇದೆ. ಕಾರವಾರದಿಂದ ಪ್ರಮಾಣಪತ್ರ ಇನ್ನೂ ಬಂದಿಲ್ಲ.