ಆಗಸ್ಟ್‌ನಲ್ಲಿ ಸೋತವರಿಲ್ಲ

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಎಸ್‌ಇಸಿ ಎಂಬ ಒಕ್ಕೂಟವಿದೆ. ಅದರಲ್ಲಿ ಹದಿನಾರು ವಿಶ್ವವಿದ್ಯಾಲಯಗಳು. 2024ರಲ್ಲಿ ಪ್ರತಿ ತಂಡವೂ ಒಕ್ಕೂಟದೊಳಗೆ ಎಂಟೆಂಟು ಪಂದ್ಯ ಆಡಿತು. ಒಂದು ಪಂದ್ಯಕ್ಕೆ ಎರಡು ತಂಡ ಬೇಕಾದ್ದರಿಂದ ಒಟ್ಟು 64 ಪಂದ್ಯ. 64 ಗೆಲುವು, 64 ಸೋಲು. ಇಷ್ಟು ಲೆಕ್ಕ ಮೂರನೇ ತರಗತಿಯ ಮಕ್ಕಳಿಗೂ ಬರುತ್ತದೆ. ಆದರೆ ಆಗಸ್ಟ್ ತಿಂಗಳಲ್ಲಿ ಆ ಹದಿನಾರು ಊರುಗಳಲ್ಲಿ ಯಾವ ಅಭಿಮಾನಿಯನ್ನು ತಡೆದು ಕೇಳಿದರೂ ‘ಕಡಿಮೆ ಎಂದರೂ ಏಳು ಪಂದ್ಯ ನಮ್ಮದೇ’ ಎನ್ನುತ್ತಾನೆ. ಹದಿನಾರೇಳಲೆ ನೂರಹನ್ನೆರಡು. ಇರುವ 64 ಗೆಲುವಿನಲ್ಲಿ 112 ಗೆಲುವು ಮುಂಗಡವಾಗಿ ಹಂಚಿಹೋಗಿರುತ್ತದೆ. ಸೋಲುಗಳಿಗೆ ಮಾತ್ರ ವಾರಸುದಾರರೇ ಇರುವುದಿಲ್ಲ. ವ್ಯಾಂಡರ್‌ಬಿಲ್ಟ್‌ನವರು ಒಂದು ಕಾಲದಲ್ಲಿ ನಮ್ರರಾಗಿದ್ದರು, ನಿಜ. 2024ರ ಅಕ್ಟೋಬರ್‌ನಲ್ಲಿ ಅಗ್ರಸ್ಥಾನದಲ್ಲಿದ್ದ ಅಲಬಾಮಾವನ್ನು ಮಣಿಸಿದ ಮೇಲೆ ಅವರಿಗೂ ಈ ಜ್ವರ ಹತ್ತಿದೆ.

ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಇದು ನಾವು ಫುಟ್‌ಬಾಲ್ ಎನ್ನುವ ಆಟವಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಎದೆಗವಚಿಕೊಂಡು ಓಡುವವನ ಮೇಲೆ, ಹೆಲ್ಮೆಟ್ ತೊಟ್ಟ ದಾಂಡಿಗರು ಗುಂಪಾಗಿ ಬೀಳುವ ಆಟ. ಕಾಲಿಗೆ ಕೆಲಸ ಅಪರೂಪ. ಆಗಸ್ಟ್ ಕೊನೆಯಲ್ಲಿ ಶುರುವಾದರೆ ನವೆಂಬರ್ ಕೊನೆಯೊಳಗೆ ಹನ್ನೆರಡು ಪಂದ್ಯ ಮುಗಿದುಹೋಗುತ್ತವೆ. ಅಂದರೆ ಆಡುವುದು ಮೂರು ತಿಂಗಳು, ಹೇಗೆ ಆಡುತ್ತೇವೆಂದು ಕೊಚ್ಚಿಕೊಳ್ಳುವುದು ಒಂಬತ್ತು ತಿಂಗಳು. ನಿಜವಾದ ಋತು ಯಾವುದು ಎಂದು ಬೇರೆ ಹೇಳಬೇಕಾಗಿಲ್ಲ.

ಈ ವಿದ್ಯೆಯಲ್ಲಿ ಪಿಎಚ್.ಡಿ. ಮಾಡಿದವರು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು. ಊರಿನ ಹೆಸರೇ ಕಾಲೇಜ್ ಸ್ಟೇಷನ್. ಅಲ್ಲಿನ ಕೈಲ್ ಫೀಲ್ಡ್ ಕ್ರೀಡಾಂಗಣದಲ್ಲಿ 1,02,733 ಜನರಿಗೆ ಜಾಗವಿದೆ. ಆದರೆ ವಿದ್ಯಾರ್ಥಿಗಳು ಕೂರುವುದಿಲ್ಲ, ಪಂದ್ಯ ಮುಗಿಯುವ ತನಕ ನಿಂತೇ ಇರುತ್ತಾರೆ. 1922ರ ಜನವರಿಯಲ್ಲಿ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡಾಗ ಕಿಂಗ್ ಗಿಲ್ ಎಂಬ ವಿದ್ಯಾರ್ಥಿ ಗ್ಯಾಲರಿಯಿಂದ ಇಳಿದುಬಂದು, ಸಮವಸ್ತ್ರ ತೊಟ್ಟು, ಕರೆದರೆ ಆಡುತ್ತೇನೆ ಎಂದು ಗೆರೆಯ ಪಕ್ಕ ನಿಂತನಂತೆ. ಅವನೇ ‘ಹನ್ನೆರಡನೇ ಆಟಗಾರ’. ಅವನ ನೆನಪಿಗೆ ಇಡೀ ವಿದ್ಯಾರ್ಥಿ ಸಮುದಾಯ ಇಂದಿಗೂ ನಿಂತಿದೆ. ಕಥೆಯ ಕೊನೆಯ ಸಾಲನ್ನು ಮಾತ್ರ ಯಾರೂ ಜೋರಾಗಿ ಹೇಳುವುದಿಲ್ಲ: ಅವನನ್ನು ಆಡಲು ಯಾರೂ ಕರೆಯಲಿಲ್ಲ.

ನನ್ನ ಭಾವಮೈದುನ ಅಲ್ಲಿ ಎಂ.ಎಸ್. ಮಾಡಿ ಈಗ ಹ್ಯೂಸ್ಟನ್‌ನಲ್ಲಿದ್ದಾನೆ. ತುಮಕೂರಿನಲ್ಲಿ ಓದುವಾಗ ಸಭ್ಯನಾಗಿದ್ದ. ಈಗ ಪ್ರತಿ ಜುಲೈನಲ್ಲಿ ಫೋನ್ ಮಾಡಿ, ಕುಶಲೋಪರಿ ಮುಗಿಯುವ ಮೊದಲೇ, ‘ಭಾವ, ಈ ವರ್ಷ ನಮ್ಮ ಆಫೆನ್ಸಿವ್ ಲೈನ್ ಗಟ್ಟಿಯಾಗಿದೆ’ ಎನ್ನುತ್ತಾನೆ. ಆ ಲೈನ್ ಎಂದರೇನು ಎಂದು ನಾನು ಕೇಳುವುದನ್ನು ಬಿಟ್ಟಿದ್ದೇನೆ. ಅದು ಪ್ರತಿ ವರ್ಷವೂ ಗಟ್ಟಿಯಾಗುತ್ತಲೇ ಇದೆ, ಇಷ್ಟರಲ್ಲಿ ಕಾಂಕ್ರೀಟ್ ಆಗಿರಬೇಕು.

ಹೀಗೆ ನಂಬುವುದು ಬರೀ ಅಭಿಮಾನಿಗಳ ಹುಚ್ಚು ಎಂದುಕೊಂಡರೆ ತಪ್ಪು, ಎ ಅಂಡ್ ಎಂ ಆಡಳಿತದವರೇ ಮುಂದಾಳುಗಳು. ಫ್ಲಾರಿಡಾ ಸ್ಟೇಟ್ ತಂಡಕ್ಕೆ 2013ರ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟಿದ್ದ ಜಿಂಬೊ ಫಿಶರ್ ಅವರನ್ನು 2017ರ ಡಿಸೆಂಬರ್‌ನಲ್ಲಿ ಹತ್ತು ವರ್ಷಕ್ಕೆ 7.5 ಕೋಟಿ ಡಾಲರ್ ಕೊಟ್ಟು ಕೋಚ್ ಆಗಿ ಕರೆತಂದರು. ಅಷ್ಟೂ ಹಣಕ್ಕೆ ಖಾತರಿ, ಗೆದ್ದರೂ ಸೋತರೂ. 2018ರಲ್ಲಿ ವಿಶ್ವವಿದ್ಯಾಲಯ ಸಮೂಹದ ಕುಲಾಧಿಪತಿ ಜಾನ್ ಶಾರ್ಪ್ ಅವರು ಕೋಚ್ ಕೈಗೆ ಒಂದು ಫಲಕ ಕೊಟ್ಟರು. ಅದರಲ್ಲಿ ರಾಷ್ಟ್ರೀಯ ಚಾಂಪಿಯನ್ ಎಂದು ಕೆತ್ತಿಸಲಾಗಿತ್ತು. ಇಸವಿಯ ಜಾಗದಲ್ಲಿ 20 ಎಂದು ಹಾಕಿ, ಮುಂದಿನ ಎರಡು ಅಂಕಿಗೆ ಜಾಗ ಬಿಟ್ಟಿದ್ದರು. ಕೋಚ್ ಇನ್ನೂ ಒಂದು ಪಂದ್ಯ ಆಡಿಸಿರಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ನಾವು ನೋಡಿದ್ದೇವೆ. ಇಲ್ಲಿ ಜಾತಕವನ್ನೇ ಬರೆಸಿ, ಹುಟ್ಟಿದ ದಿನವನ್ನಷ್ಟೇ ಭರ್ತಿ ಮಾಡಿಕೊಳ್ಳಿ ಎಂದಿದ್ದರು. ಆ ಫಲಕದಲ್ಲಿ ನನಗೆ ಇಷ್ಟವಾದದ್ದು ಆ 20 ಎಂಬ ಅಂಕಿ. ಈ ಶತಮಾನ ಮುಗಿಯುವುದರೊಳಗೆ ಆಗುತ್ತದೆ ಎಂಬ ಭರವಸೆಯನ್ನಾದರೂ ಕೊಟ್ಟಿದ್ದಾರೆ.

2020ರಲ್ಲಿ ತಂಡ ಒಂಬತ್ತು ಗೆದ್ದು ಒಂದು ಸೋತಿತು. ಸಾಕು, 2021ರ ಸೆಪ್ಟೆಂಬರ್ ಒಂದರಂದು, ಅಂದರೆ ಹೊಸ ಋತುವಿನ ಮೊದಲ ಪಂದ್ಯಕ್ಕೂ ಮುಂಚೆ, ಒಪ್ಪಂದವನ್ನು 2031ರವರೆಗೆ ಎಳೆದರು. ಸಂಬಳ ವರ್ಷಕ್ಕೆ 90 ಲಕ್ಷ ಡಾಲರ್‌ಗೆ ಏರಿತು. ಒಂದು ವಾರ ಕಾದಿದ್ದರೂ ನಷ್ಟವಿರಲಿಲ್ಲ. ಆದರೆ ಕಾಯುವುದೆಂದರೆ ನಂಬಿಕೆಯಲ್ಲಿ ಲೋಪವಿದೆ ಎಂದು ಒಪ್ಪಿಕೊಂಡಂತೆ. ಆ ವರ್ಷ ಎಂಟು ಗೆಲುವು, ನಾಲ್ಕು ಸೋಲು.

ಚಿಂತೆಯಿಲ್ಲ, ಹುಡುಗರು ಬರುತ್ತಿದ್ದರಲ್ಲ. ಪ್ರೌಢಶಾಲೆ ಮುಗಿಸುತ್ತಿರುವ ಹದಿನೇಳು ಹದಿನೆಂಟರ ಹುಡುಗರಿಗೆ ಹೋಟೆಲಿಗೆ ಕೊಟ್ಟಂತೆ ತಾರೆಗಳನ್ನು ಕೊಟ್ಟು ಪಟ್ಟಿ ಮಾಡುವುದು ಅಲ್ಲಿ ಒಂದು ಉದ್ಯಮ. ಪಂಚತಾರಾ ಹುಡುಗನೊಬ್ಬ ಮೇಜಿನ ಮೇಲೆ ಮೂರು ವಿಶ್ವವಿದ್ಯಾಲಯಗಳ ಟೋಪಿ ಇಟ್ಟುಕೊಂಡು ಕೂರುತ್ತಾನೆ, ಪಕ್ಕದಲ್ಲಿ ಅಮ್ಮ, ಅಜ್ಜಿ, ಶಾಲೆಯ ಕೋಚ್, ಎದುರಿಗೆ ಟಿ.ವಿ. ಕ್ಯಾಮೆರಾ. ಹುಡುಗನ ಕೈ ಒಂದು ಟೋಪಿಯ ಮೇಲೆ ಹೋಗಿ, ಹಿಂದೆ ಬಂದು, ಇನ್ನೊಂದರ ಮೇಲೆ ಸುಳಿದಾಡುವಾಗ, ಮೂರು ರಾಜ್ಯಗಳಲ್ಲಿ ಐವತ್ತು ದಾಟಿದ ಗಂಡಸರು, ಮನೆ ಸಾಲ ಇರುವವರು, ಸಕ್ಕರೆ ಕಾಯಿಲೆ ಇರುವವರು, ಉಸಿರು ಬಿಗಿಹಿಡಿದಿರುತ್ತಾರೆ. ಸ್ವಂತ ಮಗ ಯಾವ ಕಾಲೇಜಿಗೆ ಸೇರಿದ ಎಂದು ಅವರನ್ನು ಕೇಳಬೇಡಿ. 2022ರಲ್ಲಿ ಎ ಅಂಡ್ ಎಂ ಸೇರಿಸಿಕೊಂಡ ಹುಡುಗರ ತಂಡ ದೇಶಕ್ಕೇ ಮೊದಲನೆಯದು ಎಂದು ಪಟ್ಟಿಗಳು ಸಾರಿದವು. ಆ ಹುಡುಗರನ್ನೆಲ್ಲ ದುಡ್ಡು ಕೊಟ್ಟು ಕೊಂಡಿದ್ದಾರೆ ಎಂದು ಅಲಬಾಮಾದ ಕೋಚ್ ನಿಕ್ ಸೇಬನ್ ಮೇ ತಿಂಗಳಲ್ಲಿ ಬಹಿರಂಗವಾಗಿ ಹೇಳಿದರು. ಮರುದಿನವೇ ಫಿಶರ್ ಪತ್ರಿಕಾಗೋಷ್ಠಿ ಕರೆದು ಕೆಂಡ ಕಾರಿದರು. ಕಾಲೇಜ್ ಸ್ಟೇಷನ್ ಪುಳಕಗೊಂಡಿತು. ಅಲಬಾಮಾ ಹೊಟ್ಟೆ ಉರಿದುಕೊಳ್ಳುತ್ತಿದೆ ಎಂದರೆ ಅರ್ಧ ಪ್ರಶಸ್ತಿ ಬಂದಂತೆಯೇ!

ಆಗಸ್ಟ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ತನ್ನ ಪಟ್ಟಿ ಪ್ರಕಟಿಸಿತು: ಎ ಅಂಡ್ ಎಂಗೆ ಆರನೇ ಸ್ಥಾನ. 1950ರಿಂದ ನಡೆದುಬಂದಿರುವ ಈ ಪದ್ಧತಿಯಲ್ಲಿ, ಒಂದು ಚೆಂಡೂ ಗಾಳಿಗೆ ಹಾರದಿರುವಾಗ, ಪತ್ರಕರ್ತರು ಮತ ಹಾಕಿ ಯಾರು ಎಷ್ಟನೆಯವರು ಎಂದು ತೀರ್ಮಾನಿಸುತ್ತಾರೆ. 2012ರಲ್ಲಿ ಅವರು ಮೊದಲ ಸ್ಥಾನ ಕೊಟ್ಟ ದಕ್ಷಿಣ ಕ್ಯಾಲಿಫೋರ್ನಿಯಾ ತಂಡ ಏಳು ಗೆದ್ದು ಆರು ಸೋತು ಪಟ್ಟಿಯಿಂದಲೇ ಕಾಣೆಯಾಯಿತು. ಮರುವರ್ಷ ಆಗಸ್ಟ್‌ನಲ್ಲಿ ಪತ್ರಕರ್ತರು ಎಂದಿನಂತೆ ಮತ ಹಾಕಿದರು.

2022ರ ಸೆಪ್ಟೆಂಬರ್ 10ರಂದು ಅಪಲೇಚಿಯನ್ ಸ್ಟೇಟ್ ಎಂಬ ತಂಡ ನಾರ್ತ್ ಕ್ಯಾರೊಲೈನಾದ ಬೆಟ್ಟದ ಊರಿನಿಂದ ಕೈಲ್ ಫೀಲ್ಡ್‌ಗೆ ಬಂತು. ಇಂಥ ಪಂದ್ಯದ ವ್ಯವಸ್ಥೆಯನ್ನು ತಿಳಿದುಕೊಳ್ಳಬೇಕು. ದೊಡ್ಡ ತಂಡ ಸಣ್ಣ ತಂಡಕ್ಕೆ ಹಣ ಕೊಟ್ಟು ತನ್ನ ಅಂಗಳಕ್ಕೆ ಕರೆಸಿಕೊಳ್ಳುತ್ತದೆ. ಬನ್ನಿ, ಹೊಡೆಸಿಕೊಳ್ಳಿ, ಚೆಕ್ ತೆಗೆದುಕೊಂಡು ಹೋಗಿ ಎಂಬುದು ಹೇಳದೆಯೇ ತಿಳಿಯುವ ಒಪ್ಪಂದ. ಈ ಅತಿಥಿಗಳಿಗೆ ಗೊತ್ತಾದ ಮೊತ್ತ 15 ಲಕ್ಷ ಡಾಲರ್. ಅವರು ಒಪ್ಪಂದದ ಎರಡನೇ ಅಂಶವನ್ನು ಮರೆತರು. ಅರವತ್ತು ನಿಮಿಷದ ಆಟದಲ್ಲಿ 41 ನಿಮಿಷಕ್ಕೂ ಹೆಚ್ಚು ಕಾಲ ಚೆಂಡನ್ನು ತಮ್ಮ ಬಳಿಯೇ ಇಟ್ಟುಕೊಂಡು, ದೇಶಕ್ಕೇ ಮೊದಲನೆಯವರಾದ ಹುಡುಗರಿಗೆ ಅದನ್ನು ಮುಟ್ಟಲು ಕೊಡದೆ, 17-14ರಿಂದ ಗೆದ್ದು, ಚೆಕ್ಕನ್ನೂ ತೆಗೆದುಕೊಂಡು ಹೋದರು. 2007ರಲ್ಲಿ ಇದೇ ತಂಡ ಐದನೇ ಸ್ಥಾನದ ಮಿಷಿಗನ್‌ಗೆ ಅದರ ಮನೆಯಲ್ಲಿಯೇ ನೀರು ಕುಡಿಸಿತ್ತು. ಹಣ ಕೊಟ್ಟು ಸೋಲನ್ನು ತರಿಸಿಕೊಳ್ಳುವುದಿದ್ದರೆ ವಿಳಾಸ ಯಾವುದು ಎಂದು ಹದಿನೈದು ವರ್ಷಗಳಿಂದ ಎಲ್ಲರಿಗೂ ಗೊತ್ತಿತ್ತು.

ಆ ವರ್ಷದ ಕೊನೆಯ ಲೆಕ್ಕ ಐದು ಗೆಲುವು, ಏಳು ಸೋಲು. ಪಂಚತಾರಾ ಹುಡುಗರಲ್ಲಿ ಬಹುಪಾಲು ಮಂದಿ ಒಬ್ಬೊಬ್ಬರಾಗಿ ಬೇರೆ ಟೋಪಿ ಹುಡುಕಿಕೊಂಡು ಹೋದರು. ಆದರೂ ‘ಸೋತೆವು’ ಎಂಬ ಮಾತು ಆ ಊರಿನಲ್ಲಿ ಕೇಳುವುದಿಲ್ಲ. ಅವರಲ್ಲಿ ಹಳೆಯ ಹೇಳಿಕೆಯೊಂದಿದೆ: ನಮ್ಮವರು ಎಂದೂ ಸೋಲುವುದಿಲ್ಲ, ಒಮ್ಮೊಮ್ಮೆ ಸಮಯ ಸಾಲುವುದಿಲ್ಲ ಅಷ್ಟೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ನಮ್ಮವರು ಕನಿಷ್ಠ ಬಿದ್ದದ್ದನ್ನಾದರೂ ಒಪ್ಪಿಕೊಳ್ಳುತ್ತಾರೆ.

2023ರ ನವೆಂಬರ್ 11ರಂದು ತಂಡ ಮಿಸಿಸಿಪಿ ಸ್ಟೇಟ್ ಅನ್ನು 51-10ರಿಂದ ಬಡಿಯಿತು. ಮರುದಿನ ಫಿಶರ್ ಅವರನ್ನು ಮನೆಗೆ ಕಳುಹಿಸಿದರು. ಸೋತಾಗ ಇಟ್ಟುಕೊಂಡು, ನಲವತ್ತೊಂದು ಅಂಕದಿಂದ ಗೆದ್ದ ಮಾರನೇ ದಿನ ತೆಗೆಯುವುದಕ್ಕೂ ಒಂದು ಗಟ್ಟಿತನ ಬೇಕು. ಖಾತರಿ ಕೊಟ್ಟಿದ್ದ ಹಣವನ್ನು ಕೊಡಲೇಬೇಕಿತ್ತು: 7.5 ಕೋಟಿ ಡಾಲರ್‌ಗೂ ಹೆಚ್ಚು. ನಮ್ಮ ರೂಪಾಯಿಯಲ್ಲಿ 600 ಕೋಟಿ ದಾಟುತ್ತದೆ. ಅದರಲ್ಲಿ ಒಂದು ಪಾಲು ಕೂಡಲೇ, ಉಳಿದದ್ದು 2031ರವರೆಗೆ ವರ್ಷ ವರ್ಷವೂ. ಕೆಲಸ ಮಾಡುವುದಕ್ಕೆ ಸಂಬಳ ಎಲ್ಲರೂ ಕೊಡುತ್ತಾರೆ. ದಯವಿಟ್ಟು ಮಾಡಬೇಡಿ ಎಂದು ಕೊಡುವ ಸಂಬಳ ಇದು. ತೆರಿಗೆ ಹಣ ಮುಟ್ಟುವುದಿಲ್ಲ, ದಾನಿಗಳು ಮತ್ತು ಕ್ರೀಡಾ ವಿಭಾಗ ಭರಿಸುತ್ತವೆ ಎಂದು ವಿಶ್ವವಿದ್ಯಾಲಯ ಸಮಾಧಾನ ಹೇಳಿತು. ದಾನಿಗಳು ಯಾರು? ಒಳ್ಳೆಯ ಸೀಟು ಬೇಕಾದರೆ ಟಿಕೆಟ್ ದರದ ಮೇಲೆ ಪ್ರತಿ ವರ್ಷ ದೇಣಿಗೆ ಕಟ್ಟುವವರು. ನನ್ನ ಭಾವಮೈದುನನಂಥವರು. ತನ್ನ ತಂಗಿಯ ಮದುವೆಗೆ ಕಾಫಿ ಪುಡಿಯ ಖರ್ಚನ್ನೂ ಪ್ರಶ್ನಿಸಿದ್ದ ಮನುಷ್ಯ ಇವನು.

ಮುಂದೆ ಪ್ರಶಸ್ತಿ ಸಿಗದಿದ್ದರೇನು, ಹಿಂದೆ ಹುಡುಕಬಹುದಲ್ಲ? ಎ ಅಂಡ್ ಎಂ ರಾಷ್ಟ್ರೀಯ ಚಾಂಪಿಯನ್ ಎಂದು ಎಲ್ಲರೂ ಒಪ್ಪಿದ್ದು 1939ರಲ್ಲಿ. 2012ರಲ್ಲಿ ಎಸ್‌ಇಸಿಗೆ ಸೇರುವಾಗ, ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆಂದು, 1919 ಮತ್ತು 1927ರ ಪ್ರಶಸ್ತಿಗಳೂ ನಮ್ಮವೇ ಎಂದು ಕ್ರೀಡಾಂಗಣದಲ್ಲಿ ಬರೆಸಿಕೊಂಡರು. ಎಂಬತ್ತು ತೊಂಬತ್ತು ವರ್ಷ ಯಾರಿಗೂ ಹೊಳೆಯದಿದ್ದ ಎರಡು ಪ್ರಶಸ್ತಿಗಳು ಒಂದೇ ಬೇಸಿಗೆಯಲ್ಲಿ ಬಂದವು. ತರಬೇತಿಯ ಖರ್ಚಿಲ್ಲ, ಬಣ್ಣದ ಖರ್ಚು ಮಾತ್ರ.

ಆ ಆವರಣದಲ್ಲಿ ವಾಸ್ತವಪ್ರಜ್ಞೆ ಇರುವುದು ನಾಯಿಗಳಿಗೆ ಮಾತ್ರ ಎಂದು ನನಗೆ ಅನುಮಾನ. ರೆವಲೀ ಎಂಬ ಕೋಲಿ ತಳಿಯ ನಾಯಿ ಅಲ್ಲಿನ ಲಾಂಛನ. ಕೆಡೆಟ್ ದಳದಲ್ಲಿ ಅತ್ಯುನ್ನತ ದರ್ಜೆ ಅದರದ್ದು. ಪಾಠದ ನಡುವೆ ಬೊಗಳಿದರೆ ತರಗತಿ ಬಿಡಬೇಕೆಂಬ ಸಂಪ್ರದಾಯವಿದೆ. ಸತ್ತ ರೆವಲೀಗಳನ್ನು ಕ್ರೀಡಾಂಗಣದ ಹೊರಗೆ, ಅಂಕಫಲಕದ ಕಡೆ ಮುಖ ಮಾಡಿಸಿ ಮಣ್ಣು ಮಾಡುತ್ತಾರೆ. ಕಟ್ಟಡ ಬೆಳೆದು ಫಲಕ ಮರೆಯಾದಾಗ, ಅವಕ್ಕೆ ಅಂಕ ಕಾಣಲೆಂದೇ ಸಮಾಧಿಗಳ ಎದುರು ಪ್ರತ್ಯೇಕವಾಗಿ ಸಣ್ಣದೊಂದು ಅಂಕಫಲಕ ಹಾಕಿಸಿದರು. ಅಂಕಗಳನ್ನು ಇದ್ದದ್ದು ಇದ್ದಂತೆ, ಕಾರಣ ಹೇಳದೆ ಸ್ವೀಕರಿಸುವ ಏಕೈಕ ಪ್ರೇಕ್ಷಕವರ್ಗ ಅದು.

ನೆರೆಯ ಆಸ್ಟಿನ್‌ನವರ ಕಥೆಯನ್ನು ಹೇಳದಿದ್ದರೆ ಪಕ್ಷಪಾತವಾಗುತ್ತದೆ. 2016ರಲ್ಲಿ ಅಲ್ಲಿನ ಟೆಕ್ಸಸ್ ವಿಶ್ವವಿದ್ಯಾಲಯದ ತಂಡ ಮೊದಲ ಪಂದ್ಯದಲ್ಲಿ ನೋಟ್ರ ಡೇಮ್ ವಿರುದ್ಧ ಗೆದ್ದ ಕ್ಷಣದಲ್ಲಿಯೇ ಟಿ.ವಿ. ವೀಕ್ಷಕ ವಿವರಣೆಗಾರರು ಟೆಕ್ಸಸ್ ಮರಳಿ ಬಂದಿದೆ ಎಂದು ಘೋಷಿಸಿದರು. ಬಂದದ್ದು ಐದು ಗೆಲುವು, ಏಳು ಸೋಲು, ಹೋದದ್ದು ಕೋಚ್. 2025ರಲ್ಲಿ ಆ ತಂಡಕ್ಕೆ ಇತಿಹಾಸದಲ್ಲೇ ಮೊದಲ ಬಾರಿಗೆ ಋತುಪೂರ್ವ ಪಟ್ಟಿಯ ಅಗ್ರಪಟ್ಟ ಸಿಕ್ಕಿತು. ಮೊದಲ ಪಂದ್ಯದಲ್ಲಿಯೇ ಒಹಾಯೊ ಸ್ಟೇಟ್ ಎದುರು 14-7ರಿಂದ ಸೋತರು.

ಅದೇ ವರ್ಷ ಎ ಅಂಡ್ ಎಂಗೆ ಸಿಕ್ಕಿದ್ದು ಹತ್ತೊಂಬತ್ತನೇ ಸ್ಥಾನ. ಫಲಕವಿಲ್ಲ, ಘೋಷಣೆಯಿಲ್ಲ, ಭಾವಮೈದುನನ ಫೋನ್ ಕೂಡ ಚುಟುಕಾಗಿತ್ತು. ತಂಡ ಸತತವಾಗಿ ಹನ್ನೊಂದು ಪಂದ್ಯ ಗೆದ್ದಿತು! ನಿರೀಕ್ಷೆ ಇಲ್ಲದಿದ್ದರೆ ಆಟ ಚೆನ್ನಾಗಿರುತ್ತದೆ ಎಂಬ ಪಾಠವನ್ನು ಯಾರಾದರೂ ಕಲಿಯಬಹುದಿತ್ತು. ಆದರೆ ನವೆಂಬರ್ ಹೊತ್ತಿಗೆ ನಿರೀಕ್ಷೆ ಬಡ್ಡಿ ಸಮೇತ ಬಂದಿತ್ತು. ಜೂನ್‌ನಲ್ಲಿ ಆರ್‌ಸಿಬಿ ಹದಿನೆಂಟನೇ ಆವೃತ್ತಿಯಲ್ಲಿ ಕಪ್ ಗೆದ್ದದ್ದನ್ನೂ ಭಾವಮೈದುನ ಪುರಾವೆಯಾಗಿ ಒಡ್ಡಿದ. ‘ನಮಗೆ ಹದಿನೆಂಟು ವರ್ಷ ಹಿಡಿಯಿತು ಭಾವ, ಇವರಿಗೆ ಎಂಬತ್ತಾರು. ಸಾಲಾಗಿ ಬರುತ್ತಿದೆ’ ಎಂದ. ಏನು ಸಾಲು, ಯಾವ ಸಾಲು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಹನ್ನೆರಡನೇ ಪಂದ್ಯ ಟೆಕ್ಸಸ್ ವಿರುದ್ಧ: 27-17ರ ಸೋಲು. ಆದರೂ ಹನ್ನೆರಡು ತಂಡಗಳ ಪ್ಲೇಆಫ್‌ಗೆ ಸ್ಥಾನ ಸಿಕ್ಕಿತು. ಡಿಸೆಂಬರ್ 20ರಂದು ಕೈಲ್ ಫೀಲ್ಡ್‌ನಲ್ಲಿ, ಒಂದು ಲಕ್ಷಕ್ಕೂ ಹೆಚ್ಚು ಜನರ ಮುಂದೆ, ಮಯಾಮಿ ವಿರುದ್ಧ ಮೂರೇ ಅಂಕ ಗಳಿಸಿ 10-3ರಿಂದ ಸೋತರು. ಕೊನೆಯ ಅರ್ಧ ನಿಮಿಷದಲ್ಲಿ ಸಮಬಲಕ್ಕಾಗಿ ಎಸೆದ ಚೆಂಡು ಮಯಾಮಿಯವನ ಕೈ ಸೇರಿತು.

ಎರಡು ದಿನ ಬಿಟ್ಟು, ಸೂತಕದ ಮನೆಗೆ ಮಾಡುವಷ್ಟೇ ಎಚ್ಚರಿಕೆಯಿಂದ ನಾನೇ ಫೋನ್ ಮಾಡಿದೆ. ‘ಹೇಗಿದ್ದೀಯಪ್ಪ?’ ಎಂದೆ.

‘ಚೆನ್ನಾಗಿದ್ದೇನೆ ಭಾವ. ಮುಂದಿನ ವರ್ಷದ ವೇಳಾಪಟ್ಟಿ ನೋಡುತ್ತಾ ಕುಳಿತಿದ್ದೆ. ನಿಮ್ಮ ಬಳಿ ಪೆನ್ನು ಇದೆಯೇ? ಗೆಲ್ಲುವುದನ್ನು ಮಾತ್ರ ಹೇಳುತ್ತೇನೆ, ಬರೆದುಕೊಳ್ಳಿ.’